ಲೈಬ್ರರಿಲಿ 134 ಗಂಟೆ: ಓದ್ತಾ ದುಡಿದ ನನ್ನ ಅನುಭವ

ಪಾರ್ಟ್ ಟೈಮ್ ಕೆಲಸ ಅಂದ್ರೆ ಬೆಂಗಳೂರಲ್ಲಿ ನೂರೆಂಟು ಇರುತ್ತೆ, ನಮ್ಮ ಕಾರವಾರದಲ್ಲಿ ಏನಿದೆ ಮಾರಾಯಾ ಅಂತ ಜೂನಿಯರ್ಸ್ ಆಗಾಗ ಕೇಳ್ತಾರೆ, ಅದಕ್ಕೇ ಬರೀತಿದೀನಿ. 2023ರ ಕೊನೆಗೆ ಪಿಜಿ (ಡಿಗ್ರಿ ಆದಮೇಲಿನ ಓದು) ಮಾಡೋಕೆ ಶಿರಸಿ ಕಡೆ ಹಳ್ಳಿಯಿಂದ ಕಾರವಾರಕ್ಕೆ ಬಂದೆ, ರೂಮಿನ ಬಾಡಿಗೆ ಮನೆಯಿಂದ ಬರ್ತಿತ್ತು, ಊಟದ್ದು ಮಾತ್ರ ನಾನೇ ನೋಡ್ಕೋತೀನಿ ಅಂತ ಅಪ್ಪನ ಹತ್ರ ದೊಡ್ಡದಾಗಿ ಹೇಳಿ ಬಂದಿದ್ದೆ. ಹೇಳಿದ್ದು ಸುಲಭ.

ಮೊದಲು ಹೊರಗಡೆನೇ ಹುಡುಕಿದೆ. ಬೈತಖೋಲ್ ಬಂದರಲ್ಲಿ ಮೀನಿನ ವ್ಯಾಪಾರಿ ಒಬ್ಬರಿಗೆ ಲೆಕ್ಕ ಬರೆಯೋಕೆ ಹುಡುಗ ಬೇಕಿತ್ತು, ಆದ್ರೆ ಬೆಳಗಿನ ಜಾವ ನಾಲ್ಕಕ್ಕೆ ಹೋಗ್ಬೇಕು, ಮೇಲಿಂದ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟಿಗೆ ನಿಷೇಧ ಇರೋದ್ರಿಂದ ಆ ಎರಡು ತಿಂಗಳು ಸಂಬಳವೂ ಇಲ್ಲ. ಕ್ಲಾಸ್‌ಮೇಟ್ ಒಬ್ಬ ಶನಿವಾರ ಬಂತು ಅಂದ್ರೆ ಮಾಜಾಳಿ ಗಡಿ ದಾಟಿ ಗೋವಾದ ಪಾಳೊಳೆಂಗೆ ಹೋಗಿ ಬೀಚ್ ಶ್ಯಾಕಲ್ಲಿ (ಮರಳ ಮೇಲಿನ ಗುಡಿಸಲು ಹೋಟೆಲ್) ಸರ್ವ್ ಮಾಡ್ತಿದ್ದ, ದುಡ್ಡು ಚೆನ್ನಾಗೇ ಬರ್ತಿತ್ತು, ಟಿಪ್ಸ್ ಬೇರೆ, ಆದ್ರೆ ಭಾನುವಾರ ರಾತ್ರಿ ಎರಡು ಗಂಟೆಗೆ ವಾಪಸ್ ಬಂದವನು ಸೋಮವಾರ ಎಲ್ಲಿ ಏಳ್ತಾನೆ, 75 ಪರ್ಸೆಂಟ್ ಅಟೆಂಡೆನ್ಸ್ ಇಲ್ಲದೆ ಒಂದು ಸೆಮಿಸ್ಟರೇ ಹೋಯ್ತು ಅವನದ್ದು. ಅದನ್ನ ನೋಡಿದ ಮೇಲೆ ಕಾಲೇಜ್ ಕಾಂಪೌಂಡ್ ಒಳಗೇ ಏನಾದ್ರೂ ಸಿಗುತ್ತಾ ನೋಡೋಣ ಅಂತ ಅನ್ನಿಸ್ತು.

ನೋಟಿಸ್ ಬೋರ್ಡಲ್ಲಿ ಏನೂ ಇರಲಿಲ್ಲ, ಇರೋದೂ ಇಲ್ಲ, ಅದನ್ನ ಕಾಯ್ತಾ ಕೂರಬೇಡಿ. ನನ್ನ ರೂಮ್‌ಮೇಟ್ ಪುಣೆಯಲ್ಲಿ ಡಿಗ್ರಿ ಮಾಡಿ ಬಂದವನು, ಅಲ್ಲಿನ ಯೂನಿವರ್ಸಿಟಿಲಿ ಕರ್ಮವೀರ ಭಾವುರಾವ್ ಪಾಟೀಲರ ಹೆಸರಲ್ಲೇ ದುಡಿದು ಓದೋ ಸ್ಕೀಮ್ ಇದೆ, ಹುಡುಗ್ರು ಆಫೀಸು ಲೈಬ್ರರಿ ಗಾರ್ಡನ್ ಎಲ್ಲಾ ಕಡೆ ಗಂಟೆ ಲೆಕ್ಕದಲ್ಲಿ ಕೆಲಸ ಮಾಡ್ತಾರೆ ಅಂತ ಹೇಳಿದ. ಅಮೆರಿಕದಲ್ಲಿ ಓದ್ತಿರೋ ನನ್ನ ಅತ್ತೆ ಮಗನೂ ಕ್ಯಾಂಪಸ್ ಕ್ಯಾಂಟೀನಲ್ಲಿ ಪ್ಲೇಟ್ ಎತ್ತುತ್ತಾನೆ, ಸ್ಟೂಡೆಂಟ್ ವೀಸಾದವರಿಗೆ ಕ್ಲಾಸ್ ನಡೆಯೋವಾಗ ವಾರಕ್ಕೆ 20 ಗಂಟೆ ಮೀರಂಗಿಲ್ಲ ಅಂತೆ, ಅದೂ ಕ್ಯಾಂಪಸ್ ಒಳಗೇ, ಓದ್ತಾ ದುಡಿಯೋರಿಗೆ ಅಲ್ಲಿನ ಸರ್ಕಾರ ಕೊಡೋ ವರ್ಕ್ ಸ್ಟಡಿ ದುಡ್ಡಂತೂ ಹೊರದೇಶದಿಂದ ಹೋದ ಇವನಂಥವರಿಗೆ ಸಿಗೋದೇ ಇಲ್ಲ. ಅಲ್ಲಿ ಆಗೋದು ಇಲ್ಲಿ ಯಾಕೆ ಆಗಲ್ಲ ಅಂದ್ಕೊಂಡು ಲೈಬ್ರೇರಿಯನ್ ಮೇಡಂ ಹತ್ರ ಹೋಗಿ ಸೀದಾ ಕೇಳಿದೆ. ಅವರಿಗೂ ಜನ ಬೇಕಿತ್ತು, ಸಾವಿರಾರು ಪುಸ್ತಕಕ್ಕೆ ಬಾರ್‌ಕೋಡ್ ಹಾಕೋದು ಬಾಕಿ ಇತ್ತು. ನಾಳೆಯಿಂದ ಬಂದು ಸ್ವಲ್ಪ ಹೆಲ್ಪ್ ಮಾಡು ಅಂದ್ರು.

ಈ ಹೆಲ್ಪ್ ಅನ್ನೋ ಶಬ್ದದಲ್ಲೇ ನಾನು ಬಿದ್ದಿದ್ದು. ಡಿಸೆಂಬರ್ ಪೂರ್ತಿ ಹೆಲ್ಪ್ ಮಾಡಿದೆ, ಪುಸ್ತಕ ಹೊತ್ತೆ, ಸೆಮಿನಾರಿಗೆ ಕುರ್ಚಿ ಹಾಕಿದೆ, ಬ್ಯಾನರ್ ಕಟ್ಟಿದೆ, ತಿಂಗಳ ಕೊನೆಗೆ ಚಹಾ, ಒಂದು ಸಮೋಸ, ಥ್ಯಾಂಕ್ಸ್. ಕೇಳೋಕೆ ನಾಚಿಕೆ, ಗುರುಗಳ ಹತ್ರ ದುಡ್ಡು ಕೇಳ್ತಾರಾ ಅಂತ. ಆ ಸಲ ರಜೆಗೆ ಊರಿಗೆ ಹೋದಾಗ ಪಕ್ಕದ ಮನೆಯಲ್ಲಿ ಅಡಿಕೆ ಸುಲಿಯೋ ಕೆಲಸ ನಡೀತಿತ್ತು, ನಾನೂ ಮೆಟ್ಟುಗತ್ತಿ ಎಳ್ಕೊಂಡು ಕೂತೆ. ರಾತ್ರಿ ಹನ್ನೊಂದಕ್ಕೆ ಏಳೋವಾಗ ಆ ಮನೆ ಅಜ್ಜ ಲೈಟಿನ ಕೆಳಗೆ ನೋಟ್‌ಬುಕ್ ಹಿಡ್ಕೊಂಡು ಒಬ್ಬೊಬ್ಬರ ಹೆಸರಿನ ಮುಂದೆ ಸುಲಿದ ಅಡಿಕೆಯ ಒಂದು ಡಬ್ಬಿಗೆ ಒಂದು ಗೀಟು ಅಂತ ಹಾಕ್ತಿದ್ರು, ನಾಲ್ಕು ಗೀಟು ಆದಮೇಲೆ ಐದನೇದು ಅಡ್ಡ. ನನ್ನದು ಮೂರೇ ಗೀಟು (ಪಕ್ಕದಲ್ಲಿ ಕೂತಿದ್ದ ಹೆಂಗಸಿಗೆ ಎಂಟು, ಅದು ಬೇರೆ ವಿಷಯ). ಸಂಬಂಧದವರಿಗೂ ಗೀಟು, ಕೂಲಿಗೆ ಬಂದವರಿಗೂ ಗೀಟು, ಅಲ್ಲಿ ಯಾರೂ ಹೆಲ್ಪ್ ಅಂತ ಹೇಳಲಿಲ್ಲ.

ಜನವರಿಲಿ ವಾಪಸ್ ಬಂದವನೇ 20 ರೂಪಾಯಿದು ಒಂದು ನೋಟ್‌ಬುಕ್ ತಗೊಂಡು ಮೇಡಂ ಮುಂದೆ ಇಟ್ಟೆ. ಮೇಡಂ, ಬಂದ ಟೈಮ್ ಹೋದ ಟೈಮ್ ಬರೀತೀನಿ, ವಾರಕ್ಕೊಂದು ಸೈನ್ ಹಾಕಿ, ದುಡ್ಡು ಎಷ್ಟಾದ್ರೂ ಪರ್ವಾಗಿಲ್ಲ ಅಂದೆ. ಬೈತಾರೆ ಅಂದ್ಕೊಂಡಿದ್ದೆ, ಅವರು ನಕ್ಕು, ಒಂದು ಅರ್ಜಿ ಬರ್ಕೊಡು, ಟೈಮ್‌ಟೇಬಲ್ ಮತ್ತೆ ಪಾಸ್‌ಬುಕ್ ಜೆರಾಕ್ಸ್ ಹಚ್ಚು, ಪ್ರಿನ್ಸಿಪಾಲರ ಹತ್ರ ನಾನು ಮಾತಾಡ್ತೀನಿ ಅಂದ್ರು. ಗಂಟೆಗೆ 50 ರೂಪಾಯಿ, ದಿನಕ್ಕೆ ಎರಡು ಗಂಟೆ, ಕ್ಲಾಸ್ ಇರೋ ಹೊತ್ತಲ್ಲಿ ಇಲ್ಲ ಅಂತ ಆಯ್ತು. ಕಮ್ಮಿನೇ, ಆದ್ರೆ ಬಸ್ಸಿಲ್ಲ, ಯೂನಿಫಾರ್ಮ್ ಇಲ್ಲ, ಮೂರೂವರೆಗೆ ಕ್ಲಾಸ್ ಮುಗಿದ್ರೆ ಮೂರು ಮೂವತ್ತೈದಕ್ಕೆ ಕೆಲಸದಲ್ಲಿ ಇರ್ತಿದ್ದೆ.

ಕೆಲಸ ನೋಡೋಕೆ ಸಸಾರ. ಪುಸ್ತಕ ತೆಗಿ, ಅಕ್ಸೆಷನ್ ನಂಬರ್ (ಪುಸ್ತಕ ಲೈಬ್ರರಿಗೆ ಬಂದಾಗ ಕೊಡೋ ಕ್ರಮಸಂಖ್ಯೆ) ರಿಜಿಸ್ಟರ್ ಜೊತೆ ತಾಳೆ ನೋಡು, ಹೆಸರು ರಟ್ಟಿನ ಮೇಲಿಂದಲ್ಲ ಒಳಗಿನ ಟೈಟಲ್ ಪೇಜಿಂದ ಟೈಪ್ ಮಾಡು, ಸ್ಟಿಕರ್ ಹಚ್ಚು, ಸೀಲ್ ಹೊಡಿ. ಸುಮಾರು ಲೈಬ್ರರಿಗಳಲ್ಲಿ ಒಂದು ಗುಟ್ಟಿನ ಪುಟ ಇರುತ್ತೆ, ಕದ್ದವನು ಮೊದಲ ಪುಟ ಹರಿದ್ರೂ ಸಿಕ್ಕಿಬೀಳ್ಲಿ ಅಂತ ಎಲ್ಲಾ ಪುಸ್ತಕದಲ್ಲೂ ಅದೇ ಪುಟಕ್ಕೆ ಸೀಲ್ ಬೀಳುತ್ತೆ, ನಮ್ಮದು ಎಷ್ಟನೇ ಪುಟ ಅಂತ ಹೇಳಲ್ಲ. ನಾನು ಎಡವಟ್ಟು ಮಾಡ್ಕೊಂಡಿದ್ದು ನಂಬರಲ್ಲಿ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸೋ ಡ್ಯೂಯಿ ಪದ್ಧತಿಲಿ ಕನ್ನಡ ಭಾಷೆ, ವ್ಯಾಕರಣ ಎಲ್ಲಾ 494.814, ಕನ್ನಡ ಸಾಹಿತ್ಯ 894.814, ಒಂದೇ ಅಂಕಿ ವ್ಯತ್ಯಾಸ. ಒಂದಿಡೀ ಸಂಜೆ ವ್ಯಾಕರಣದ ಪುಸ್ತಕಕ್ಕೆಲ್ಲಾ 8 ಹಾಕಿ ಅರವತ್ತು ಲೇಬಲ್ ಅಂಟಿಸಿ ಕಾದಂಬರಿ ರ‍್ಯಾಕಿಗೆ ಸೇರಿಸಿಬಿಟ್ಟೆ. ಕಿತ್ತು ಮತ್ತೆ ಅಂಟಿಸೋಕೆ ಎರಡು ಗಂಟೆ ಹಿಡೀತು, ಆ ಎರಡು ಗಂಟೆ ಬರೀಬೇಡ ಅಂದ್ರು ಮೇಡಂ, ನ್ಯಾಯವೇ ಅಂತ ಬರೀಲಿಲ್ಲ.

ಮಾರ್ಚಲ್ಲಿ ನಮ್ಮ ಶಿರಸಿ ಮಾರಿಕಾಂಬಾ ಜಾತ್ರೆ, ಎರಡು ವರ್ಷಕ್ಕೊಮ್ಮೆ ಬರೋದು, ಬಿಡೋಕಾಗುತ್ತಾ, ಮೂರು ದಿನ ರಜೆ ಹಾಕಿ ಹೋದೆ. ಆದ್ರೆ ಜನವರಿಯ ದುಡ್ಡೇ ಇನ್ನೂ ಬಂದಿರಲಿಲ್ಲ. ದುಡಿಯೋ ಹುಡುಗ ಅಂತ ಅಕ್ಕನ ಮಕ್ಕಳು ತೊಟ್ಟಿಲು ಹತ್ತಿಸು, ಐಸ್‌ಕ್ರೀಮ್ ಕೊಡಿಸು ಅಂತ ಹಿಂದೆ ಬಿದ್ರೆ ನಾನು ಅಕ್ಕನ ಹತ್ರನೇ 500 ಸಾಲ ತಗೊಂಡು ಅವಳ ಮಕ್ಕಳಿಗೆ ಖರ್ಚು ಮಾಡಿದೆ.

ದುಡ್ಡು ತಡ ಆಗಿದ್ದಕ್ಕೆ ಯಾರೂ ಕೆಟ್ಟವರಲ್ಲ, ಯಾವ ಹೆಡ್ಡಲ್ಲಿ (ಖರ್ಚಿನ ಬಾಬ್ತು) ಕೊಡೋದು ಅನ್ನೋದೇ ಆಫೀಸಿಗೆ ಗೊತ್ತಿರಲಿಲ್ಲ. ಸ್ಟೂಡೆಂಟಿಗೆ ಸಂಬಳ ಅಂತ ಕಾಲಮ್ಮೇ ಇಲ್ಲ. ಫೈಲು ಒಂದು ಟೇಬಲಿಂದ ಇನ್ನೊಂದಕ್ಕೆ ಹೋಗೋದು, ಬರೋದು, ಕ್ಲರ್ಕ್ ಕೇಳಿದ್ದು ಒಂದೇ ಮಾತು, ಇವನು ಇಷ್ಟು ಗಂಟೆ ಮಾಡಿದ್ದಕ್ಕೆ ದಾಖಲೆ ಏನು? ನೋಟ್‌ಬುಕ್ ಇಟ್ಟೆ. ಜನವರಿಯಿಂದ ಏಪ್ರಿಲ್ 134 ಗಂಟೆ, ವಾರವಾರದ ಸೈನ್ ಸಮೇತ. ಜೂನ್ ಎರಡನೇ ವಾರ 6,700 ರೂಪಾಯಿ ಒಟ್ಟಿಗೇ ಬಂತು, 5,000 ದಾಟಿದ್ದಕ್ಕೆ ಒಂದು ರೂಪಾಯಿ ರೆವೆನ್ಯೂ ಸ್ಟಾಂಪ್ ಮೇಲೆ ಸೈನ್ ಮಾಡಿಸಿದ್ರು. ನನ್ನ ಜೊತೆ ಡಿಸೆಂಬರಲ್ಲಿ ಹೆಲ್ಪ್ ಮಾಡಿದ ಇನ್ನಿಬ್ಬರು ಆಮೇಲೂ ಬಾಯಿಮಾತಲ್ಲೇ ಮುಂದುವರಿದಿದ್ರು, ಅವರಿಗೆ ಸಿಕ್ಕಿದ್ದು ಸರ್ಟಿಫಿಕೇಟ್.

ಅದೇ ಜೂನಲ್ಲಿ ಮಳೆ ಶುರು ಆಯ್ತು ನೋಡಿ, ಕಾರವಾರದ ಮಳೆ ಅಂದ್ರೆ ಗೊತ್ತಲ್ಲ, ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲದಕ್ಕೂ ಬೂಸ್ಟು. ಸಮುದ್ರದ ಕಡೆ ಕಿಟಕಿಯ ಸಾಲು ಪೂರ್ತಿ ಬೆಳ್ಳಗಾಗಿತ್ತು, ಸ್ಟಿಕರ್ರೂ ತುದಿಯಿಂದ ಎದ್ದು ಬರ್ತಿತ್ತು. ಒದ್ದೆ ಬಟ್ಟೇಲಿ ಒರೆಸೋಕೆ ಹೋದೆ, ಮೇಡಂ ಕೈ ಹಿಡಿದು ನಿಲ್ಲಿಸಿದ್ರು. ಮೊದಲು ಪುಸ್ತಕ ನಿಲ್ಲಿಸಿ ಹಾಳೆ ಬೀಸಣಿಗೆ ಥರ ಬಿಡಿಸಿ ಫ್ಯಾನ್ ಕೆಳಗೆ ಒಣಗಿಸ್ಬೇಕು, ಬಿಸಿಲಿಗಲ್ಲ, ಒಣಗಿದ ಮೇಲೆ ಮೆತ್ತನೆ ಬ್ರಷ್ಷಲ್ಲಿ ಹೊರಮುಖವಾಗಿ ಉಜ್ಜಬೇಕು, ಮಾಸ್ಕ್ ಹಾಕ್ಕೊಂಡೇ. ಮೊದಲ ದಿನ ಮಾಸ್ಕ್ ಹಾಕದೆ ರಾತ್ರಿಯೆಲ್ಲಾ ಸೀನಿದೆ.

ಜುಲೈ 16ಕ್ಕೆ ಅಂಕೋಲಾ ಹತ್ರದ ಶಿರೂರಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗ ನಾನು ಊರಲ್ಲಿದ್ದೆ. ಕುಮಟಾ ಮೇಲಿಂದ ಬರೋ ದಾರಿ ಬಂದ್, ಯಲ್ಲಾಪುರ ಸುತ್ತಿ ಅರಬೈಲ್ ಘಾಟಿ ಇಳಿದು ಕಾರವಾರ ಮುಟ್ಟೋವಾಗ ವಾರ ಆಗಿತ್ತು. ಗಂಟೆ ಲೆಕ್ಕದ ಕೆಲಸದಲ್ಲಿ ಬರದ ದಿನ ಸೊನ್ನೆ, ಆ ವಾರದ ಪುಟ ಖಾಲಿ. ಜನ ಮಣ್ಣಡಿಗೆ ಹೋದ ಹೊತ್ತಲ್ಲಿ ನನ್ನ ಆರುನೂರು ಏಳುನೂರರ ಮಾತು ಆಡೋಕೇ ಮನಸ್ಸು ಬರಲ್ಲ, ಆದ್ರೂ ಆ ತಿಂಗಳ ಕೊನೆಗೆ ಮೆಸ್ಸಲ್ಲಿ ಒಂದೇ ಹೊತ್ತು ಉಂಡಿದ್ದೂ ನಿಜ.

ಎರಡನೇ ವರ್ಷ ದುಡ್ಡು ಎರಡು ತಿಂಗಳಿಗೊಮ್ಮೆ ಬರೋ ಹಾಗಾಯ್ತು, ಆಫೀಸಲ್ಲಿ ಒಂದು ಹೆಡ್ ಹುಟ್ಟಿತು. ಪರೀಕ್ಷೆ ತಿಂಗಳಲ್ಲಿ ದಿನಕ್ಕೆ ಒಂದೇ ಗಂಟೆ ಮಾಡ್ತೀನಿ ಅಂತ ಮೊದಲೇ ಹೇಳಿಬಿಡ್ತಿದ್ದೆ, ಯಾರೂ ಬೇಡ ಅನ್ನಲಿಲ್ಲ, ಹೊರಗಡೆ ಕೆಲಸದಲ್ಲಿ ಇದು ನಡೆಯಲ್ಲ. ಊಟದ ಖರ್ಚು ಪೂರ್ತಿ ಹುಟ್ಟಿತಾ ಅಂದ್ರೆ ಇಲ್ಲ, ಮುಕ್ಕಾಲು ಪಾಲು ಹುಟ್ಟಿತು, ಉಳಿದಿದ್ದಕ್ಕೆ ಅಪ್ಪನ ಹತ್ರ ಕೇಳಿದೆ, ಅವರೂ ಏನೂ ಅನ್ನಲಿಲ್ಲ.

ಕೊನೆ ತಿಂಗಳದ್ದು 9 ಗಂಟೆ, 450 ರೂಪಾಯಿ ಇನ್ನೂ ಬಾಕಿ ಇದೆ. ನೋಟ್‌ಬುಕ್ ನನ್ನ ಹತ್ರನೇ ಇದೆ, ಸೈನೂ ಇದೆ. ಮಾರ್ಕ್ಸ್ ಕಾರ್ಡ್ ತರೋಕೆ ಮುಂದಿನ ತಿಂಗಳು ಹೋಗೋದಿದೆ, ಬ್ಯಾಗಿಗೆ ಅದನ್ನೂ ಹಾಕ್ಕೊಂಡು ಹೋಗ್ತೀನಿ.