ಊರ ಕೆರೆಯಿಂದ ಶುರು ಮಾಡಿ: ಸ್ವಯಂಸೇವಕ ನ್ಯಾಚುರಲಿಸ್ಟ್ ಆಗಲು ತಯಾರಿ

ನ್ಯಾಚುರಲಿಸ್ಟ್ ಅಂದ ತಕ್ಷಣ ಎಲ್ಲರಿಗೂ ಕಬಿನಿ, ನಾಗರಹೊಳೆ, ಜೀಪು, ಹುಲಿ ನೆನಪಾಗುತ್ತವೆ. ಅಲ್ಲಿ ಆ ಕೆಲಸ ಮಾಡುವವರಿಗೆ ಅದು ಉದ್ಯೋಗ. ನಾನು ಹೇಳಲು ಹೊರಟಿರುವುದು ಬೇರೆಯವರ ಬಗ್ಗೆ. ತಮ್ಮ ಊರಲ್ಲೇ ಇದ್ದುಕೊಂಡು, ಭಾನುವಾರ ಬೆಳಿಗ್ಗೆ ಒಂದೆರಡು ಗಂಟೆ ಬಿಡುವು ಮಾಡಿಕೊಂಡು, ಕೆರೆ, ಗೋಮಾಳ, ಪಾರ್ಕುಗಳಲ್ಲಿ ಏನೇನು ಬದುಕಿದೆ ಅಂತ ತಿಳಿದು ಅದನ್ನು ನಾಲ್ಕು ಜನಕ್ಕೆ ತೋರಿಸುವವರ ಬಗ್ಗೆ. ಇದಕ್ಕೆ ಡಿಗ್ರಿ ಬೇಡ. ತರಬೇತಿ ಮಾತ್ರ ಬೇಕೇ ಬೇಕು, ಅದರಲ್ಲಿ ಮುಕ್ಕಾಲು ಪಾಲನ್ನು ನಿಮಗೆ ನೀವೇ ಕೊಟ್ಟುಕೊಳ್ಳಬೇಕು.

ಮೊದಲು ಒಂದು ಜಾಗ ಗೊತ್ತು ಮಾಡಿಕೊಳ್ಳಿ. ಒಂದೇ ಒಂದು. ಬಯಲುಸೀಮೆಯವರಾದರೆ ಕೆರೆಗಿಂತ ಒಳ್ಳೆಯ ಜಾಗ ಸಿಗುವುದಿಲ್ಲ, ಯಾಕೆಂದರೆ ಒಂದು ಕೆರೆಯಲ್ಲಿ ಹಲವು ಬಗೆಯ ಜಾಗಗಳಿರುತ್ತವೆ. ಏರಿ ಮೇಲಿನ ಹೊಂಗೆ, ಜಾಲಿಗಳಲ್ಲಿ ಕಾಜಾಣ, ಗೊರವಂಕ. ತೂಬಿನ ಹತ್ತಿರ ನೀರು ಜಿನುಗುವಲ್ಲಿ ಕಪ್ಪೆ, ಏರೋಪ್ಲೇನ್ ಚಿಟ್ಟೆ. ಜೊಂಡಿನಲ್ಲಿ ಜಂಬುಕೋಳಿ. ನೀರು ಇಳಿದ ಮೇಲೆ ಕೆರೆ ಅಂಗಳದಲ್ಲಿ ಟಿಟ್ಟಿಭ. ಒಂದು ಇಡೀ ವರ್ಷ ಅಲ್ಲಿಗೇ ಹೋಗಿ. ವಾರಕ್ಕೊಂದು ಊರು ಸುತ್ತಿ ಹಕ್ಕಿಗಳ ಪಟ್ಟಿ ಉದ್ದ ಮಾಡಿಕೊಳ್ಳುವವರು ತುಂಬಾ ಜನ ಇದ್ದಾರೆ, ತಪ್ಪೇನಿಲ್ಲ, ಆದರೆ ಊರಿನವರು ನಿಮ್ಮನ್ನು ಕೇಳುವುದು ಅವರ ಕೆರೆಯ ಬಗ್ಗೆ.

ವರ್ಷ ಯಾಕೆ ಬೇಕು ಅಂತ ಒಂದು ಹಕ್ಕಿಯನ್ನೇ ನೋಡಿದರೆ ಗೊತ್ತಾಗುತ್ತದೆ. ದಡದಲ್ಲಿ ಕುತ್ತಿಗೆ ಒಳಗೆಳೆದುಕೊಂಡು ಕೂರುವ ಕೊಳದ ಬಕ ಜನವರಿಯಲ್ಲಿ ಮಣ್ಣಿನ ಬಣ್ಣ, ಪಕ್ಕದಲ್ಲಿದ್ದರೂ ಕಾಣುವುದಿಲ್ಲ. ಮಳೆಗಾಲ ಹತ್ತಿರ ಬಂದಂತೆ ಅದೇ ಹಕ್ಕಿಯ ಬೆನ್ನು ಕಡು ಕೆಂಗಂದು ಬಣ್ಣಕ್ಕೆ ತಿರುಗಿ, ತಲೆಯಿಂದ ಉದ್ದ ಗರಿಗಳು ಇಳಿಬೀಳುತ್ತವೆ. ಎರಡನ್ನೂ ನೋಡದವರು ಅವು ಬೇರೆ ಬೇರೆ ಹಕ್ಕಿ ಅಂತಲೇ ಅಂದುಕೊಳ್ಳುತ್ತಾರೆ. ನೀರಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಸಣ್ಣ ಹಕ್ಕಿ ಸಿಪಿಲೆಗಳದ್ದು ಇನ್ನೊಂದು ಕಥೆ. ಹುಬ್ಬು ಬಿಳಿ ಇರುವ ಕಪ್ಪು-ಬಿಳಿ ದೊಡ್ಡ ಸಿಪಿಲೆ ವರ್ಷವಿಡೀ ಇಲ್ಲೇ ಇರುತ್ತದೆ. ಬೂದು ಸಿಪಿಲೆ, ಹಳದಿ ಸಿಪಿಲೆಗಳು ಮಳೆಗಾಲ ಮುಗಿಯುತ್ತಾ ಬಂದಂತೆ ಉತ್ತರದಿಂದ ಬಂದು ಬೇಸಿಗೆಯಲ್ಲಿ ವಾಪಸ್ ಹೊರಡುತ್ತವೆ. ನಿಮ್ಮ ಕೆರೆಗೆ ಮೊದಲ ವಲಸೆ ಸಿಪಿಲೆ ಬಂದ ತಾರೀಖು ಬರೆದಿಟ್ಟುಕೊಳ್ಳಿ. ಅದು ಯಾವ ಪುಸ್ತಕದಲ್ಲೂ ಇರುವುದಿಲ್ಲ.

ಸಾಮಾನಿಗೆ ಜಾಸ್ತಿ ದುಡ್ಡು ಸುರಿಯಬೇಡಿ. ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ಕು, ಪೆನ್ಸಿಲ್ಲು (ಮಳೆಗೆ ಪೆನ್ನಿನ ಬರಹ ಅಳಿಸಿಹೋಗುತ್ತದೆ). ಬೈನಾಕ್ಯುಲರ್ ಕೊಳ್ಳುವುದಾದರೆ 8 ಪಟ್ಟು ದೊಡ್ಡದಾಗಿ ತೋರಿಸುವುದು ಸಾಕು, 12 ಪಟ್ಟಿನದು ತಗೊಂಡರೆ ಕೈ ಸ್ವಲ್ಪ ಅಲುಗಿದರೂ ಹಕ್ಕಿ ಕುಣಿಯುತ್ತದೆ. ಕ್ಯಾಮೆರಾ ಮೊದಲ ಕೆಲವು ತಿಂಗಳು ಮನೆಯಲ್ಲೇ ಇರಲಿ. ಫೋಟೋ ತೆಗೆಯುವ ಗಡಿಬಿಡಿಯಲ್ಲಿ ಹಕ್ಕಿ ಏನು ತಿಂತು, ಹೇಗೆ ನಡೀತು ಅನ್ನುವುದನ್ನೇ ನೋಡುವುದಿಲ್ಲ.

ಹೆಸರು ಕಲಿಯಲು ಮರ್ಲಿನ್ ಅನ್ನುವ ಉಚಿತ ಆ್ಯಪ್ ಇದೆ, ಕೂಗು ಕೇಳಿಸಿದರೆ ಯಾವ ಹಕ್ಕಿ ಅಂತ ಹೇಳುತ್ತದೆ. ಬಳಸಿ, ಆದರೆ ಕಣ್ಣಿಂದ ನೋಡುವವರೆಗೆ ನಂಬಬೇಡಿ. ಎಲೆಹಕ್ಕಿ, ಕಾಜಾಣಗಳು ಬೇರೆ ಹಕ್ಕಿಗಳ ಕೂಗನ್ನು ಅನುಕರಿಸುತ್ತವೆ. ಕನ್ನಡದ ಹೆಸರುಗಳನ್ನೂ ಕಲಿಯಿರಿ: ಕೆಂಬೂತ, ಗುಳುಮುಳುಕ, ಹುಂಡುಕೋಳಿ, ನಾಮದ ಕೋಳಿ, ದೇವನಕ್ಕಿ. ನಾಮದ ಕೋಳಿಯ ಹಣೆ ಮೇಲಿನ ಬಿಳಿ ಗುರುತು ನೋಡಿದ ಮಗು ಆ ಹೆಸರು ಮರೆಯುವುದಿಲ್ಲ.

ನೋಡಿದ್ದನ್ನು ಹಂಚಿಕೊಳ್ಳುವುದೂ ತರಬೇತಿಯೇ. ನೋಡಿದ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಅನ್ನುವ ವೆಬ್‌ಸೈಟಿನಲ್ಲಿ ಪಟ್ಟಿ ಹಾಕುವಾಗ ಕನಿಷ್ಠ 15 ನಿಮಿಷ ನೋಡಿ, ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಎಣಿಕೆ ಸಮೇತ ಬರೆಯಿರಿ. ಕಾಗೆ, ಪಾರಿವಾಳ ಏನು ಬರೆಯುವುದು ಅಂತ ಬಿಟ್ಟರೆ ಆ ಪಟ್ಟಿಯ ಬೆಲೆ ಅರ್ಧಕ್ಕೆ ಇಳಿಯಿತು. ಗಿಡ, ಹುಳ, ಕಪ್ಪೆಗಳಿಗೆ ಐನ್ಯಾಚುರಲಿಸ್ಟ್ ಅನ್ನುವ ವೆಬ್‌ಸೈಟ್ ಇದೆ, ಫೋಟೋ ಹಾಕಿದರೆ ತಿಳಿದವರು ತಿದ್ದುತ್ತಾರೆ. ಮರಗಳು ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ಜನರೇ ದಾಖಲಿಸುವ ಸೀಸನ್‌ವಾಚ್ ಯೋಜನೆ ಸೇರಿದರೆ ಒಂದೇ ಮರವನ್ನು ವಾರ ವಾರ ನೋಡಬೇಕು: ಚಿಗುರೆಷ್ಟು, ಹೂವೆಷ್ಟು, ಕಾಯೆಷ್ಟು. ಹೊಂಗೆ ಮರ ಆರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ. ಎಲೆ ಉದುರಿಸಿ, ಬೇಸಿಗೆಯ ಹೊತ್ತಿಗೆ ಮಿರಮಿರ ಮಿಂಚುವ ಚಿಗುರು ತಂದು, ಹೂ ಬಿಟ್ಟು, ಜೇನುಗಳನ್ನು ಕರೆಯುತ್ತದೆ. ಎಲೆ ಮೇಲೆ ಗಂಟು ಗಂಟಾಗಿ ಉಬ್ಬಿರುವುದನ್ನು ನೋಡಿದ್ದೀರಲ್ವಾ? ಅದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಗಳ ಮನೆ. ಒಂದು ಎಲೆ ಹಿಡಿದುಕೊಂಡೇ ಮಕ್ಕಳ ಜೊತೆ ಹತ್ತು ನಿಮಿಷ ಮಾತಾಡಬಹುದು.

ಇಷ್ಟರ ಜೊತೆಗೆ ಊರಿನವರನ್ನು ಕೇಳಿ. ಕುರಿ ಕಾಯುವವರು, ಕೆರೆಯಲ್ಲಿ ಬಲೆ ಹಾಕುವವರು, ಹಿಂದೆ ನೀರುಗಂಟಿಯಾಗಿ ಕೆರೆ ನೀರು ಬಿಡುತ್ತಿದ್ದವರು. ಕೋಡಿ ಬಿದ್ದ ವರ್ಷ ಯಾವ ಮೀನು ಬಂತು, ಈಗ ಯಾವುದು ಕಾಣುತ್ತಿಲ್ಲ, ಇದೆಲ್ಲ ಅವರಿಗೆ ಗೊತ್ತು. ಪೇಪರ್ ಹಿಡಿದುಕೊಂಡು ಪ್ರಶ್ನೆ ಮೇಲೆ ಪ್ರಶ್ನೆ ಹಾಕಬೇಡಿ. ಜೊತೆಗೆ ಕೂತು ಮಾತಾಡಿ. ಕೇಳಿದ್ದನ್ನು ಅವರ ಒಪ್ಪಿಗೆ ಪಡೆದು, ಅವರ ಹೆಸರಿನಲ್ಲೇ ಬೇರೆಯವರಿಗೆ ಹೇಳಿ.

ಕೋರ್ಸ್ ಬೇಕು ಅನ್ನುವವರಿಗೆ ರಾಜ್ಯ ಸರ್ಕಾರದ ಪ್ರವಾಸಿ ಸಂಸ್ಥೆ ಜಂಗಲ್ ಲಾಡ್ಜಸ್‌ನ ನ್ಯಾಚುರಲಿಸ್ಟ್ ತರಬೇತಿ ಇದೆ, ಅರಣ್ಯ ಇಲಾಖೆಯ ಸ್ವಯಂಸೇವಕರ ಕರೆಗಳು ಆಗಾಗ ಬರುತ್ತವೆ. ಒಂದು ವರ್ಷ ಕೆರೆ ನೋಡಿದ ಮೇಲೆ ಹೋಗಿ, ಆಗ ನಿಮ್ಮ ಹತ್ತಿರ ಕೇಳಲು ಪ್ರಶ್ನೆಗಳಿರುತ್ತವೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್, ಎಲ್ಲರಿಗೂ ತೆರೆದಿದೆ, ಅನುಭವ ಇರುವವರ ಪಕ್ಕ ನಿಂತು ಕಲಿಯಲು ಅದು ಒಳ್ಳೆಯ ಸಮಯ.

ಇನ್ನು ಜನರನ್ನು ಕರೆದುಕೊಂಡು ಹೋಗುವುದು. ಹದಿನೈದಕ್ಕಿಂತ ಜಾಸ್ತಿ ಜನ ಬೇಡ, ಹಿಂದಿನವರಿಗೆ ಏನೂ ಕೇಳಿಸುವುದಿಲ್ಲ. ಹಿಂದಿನ ದಿನವೇ ದಾರಿ ನಡೆದು ನೋಡಿ. ಹಕ್ಕಿ ಕಂಡ ಕೂಡಲೇ ಹೆಸರು ಹೇಳಿಬಿಡಬೇಡಿ. "ಕೊಕ್ಕು ನೋಡಿ, ಇದು ಏನು ತಿನ್ನಬಹುದು?" ಅಂತ ಕೇಳಿ, ಸುಮ್ನೆ ಕಾಯಿರಿ. ಯಾರಾದರೂ ಹೇಳುತ್ತಾರೆ. ದೇವನಕ್ಕಿಯ ಗಂಡು ಮೊಟ್ಟೆಗೆ ಕಾವು ಕೊಟ್ಟು ಮರಿ ಸಾಕುತ್ತದೆ ಅಂತ ಹೇಳಿ ನೋಡಿ, ಗುಂಪಿನಲ್ಲಿ ಮಾತು ತಾನಾಗಿ ಶುರುವಾಗುತ್ತದೆ. ಗೊತ್ತಿಲ್ಲದ್ದು ಬಂದರೆ "ನನಗೂ ಗೊತ್ತಿಲ್ಲ, ಹುಡುಕಿ ಹೇಳ್ತೀನಿ" ಅನ್ನಿ, ಆಮೇಲೆ ನಿಜವಾಗಲೂ ಹುಡುಕಿ ಹೇಳಿ.

ಕೆಲವು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಿ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡ. ಗೂಡಿನ ಫೋಟೋ, ಜಾಗ ಯಾರಿಗೂ ಕಳಿಸುವುದು ಬೇಡ. ಟಿಟ್ಟಿಭ ತಲೆ ಮೇಲೆ ಹಾರಾಡುತ್ತಾ ಕಿರುಚಿದರೆ ಅಲ್ಲೇ ನಿಂತು, ಬಂದ ದಾರಿಯಲ್ಲಿ ವಾಪಸ್ ಹೋಗಿ. ಅದರ ಮೊಟ್ಟೆ ಬರೀ ನೆಲದ ಮೇಲೆ ಕಲ್ಲುಗಳ ನಡುವೆ ಇರುತ್ತದೆ, ಕಾಲಿಟ್ಟ ಮೇಲೇ ಗೊತ್ತಾಗುವುದು. ಹೆಜ್ಜೇನು ಕಟ್ಟಿದ ಮರದ ಕೆಳಗೆ ಗುಂಪು ನಿಲ್ಲಿಸಬೇಡಿ. ಸೆಂಟು ಹಾಕಿಕೊಂಡು ಬರಬೇಡಿ ಅಂತ ಮೊದಲೇ ತಿಳಿಸಿ.

ಹಾವಿನ ವಿಷಯ ಬಂದೇ ಬರುತ್ತದೆ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಚಿತ್ರದಲ್ಲಿ ಚೆನ್ನಾಗಿ ಗುರುತಿಸಲು ಕಲಿಯಿರಿ. ಕೇರೆಹಾವು, ನೀರೊಳ್ಳೆ ವಿಷವಿಲ್ಲದವು ಅಂತ ಜನಕ್ಕೆ ಹೇಳುವುದರಿಂದ ಎಷ್ಟೋ ಹಾವುಗಳು ಉಳಿಯುತ್ತವೆ. ಆದರೆ ಯಾವ ಹಾವನ್ನೂ ಮುಟ್ಟಬೇಡಿ, ಹಿಡಿಯುವುದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, 108ಕ್ಕೆ ಫೋನ್ ಮಾಡಿ, ವಿಷಕ್ಕೆ ಮದ್ದು ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ಹತ್ತಿರದಲ್ಲಿ ಅದು ಎಲ್ಲಿದೆ ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ವರ್ಷದ ಟಿಪ್ಪಣಿ ಕೈಯಲ್ಲಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿ, ಪುರಸಭೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ಪ್ರಾಣಿ, ಜನರ ತಿಳಿವಳಿಕೆ ಎಲ್ಲ ಸೇರಿಸಿ ದಾಖಲಾತಿ ಪುಸ್ತಕ ಮಾಡಬೇಕು. ದೇವನಹಳ್ಳಿ ಹತ್ತಿರದ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ನಿಮ್ಮೂರಿನ ದಾಖಲಾತಿ ತೋರಿಸಿ ಅಂತ ಕೇಳಿ. ಅದರಲ್ಲಿ ನಿಮ್ಮ ಕೆರೆಯ ಹಕ್ಕಿಗಳಿಲ್ಲದಿದ್ದರೆ, ತಾರೀಖು ಸಮೇತ ನಿಮ್ಮ ಪಟ್ಟಿಯನ್ನು ಅರ್ಜಿಯ ಜೊತೆ ಲಗತ್ತಿಸಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಇನ್ನೊಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ.