ಅಪ್ಪಯ್ಯನ ವಹಿಯಲ್ಲಿ ನನ್ನ ಟೆನಿಸ್

ಏಳು ವರ್ಷ ನಾನು ಪ್ರೊಫೆಶನಲ್ ಟೆನಿಸ್ ಆಡಿದೆ. ಹಾಗಂದ ಕೂಡಲೇ ಶಿರಸಿ ಪೇಟೆಯಲ್ಲಿ ಯಾರೇ ಆದರೂ ಕೇಳುವುದು ಒಂದೇ: "ವಿಂಬಲ್ಡನ್‌ಗೆ ಹೋಗಿದ್ರಾ?" ಇಲ್ಲ. ಟಿಕೆಟ್ ತಗೊಂಡು ನೋಡಲಿಕ್ಕೂ ಹೋದವಳಲ್ಲ. ನಾನು ಆಡಿದ್ದು ಅಂತಾರಾಷ್ಟ್ರೀಯ ಟೆನಿಸ್ ಫೆಡರೇಶನ್, ಅಂದರೆ ಐಟಿಎಫ್‌ನ ಕಟ್ಟಕಡೆಯ ಮೆಟ್ಟಿಲಿನ ಟೂರ್ನಿಗಳು. ಶುರುವಿನಲ್ಲಿ 10 ಸಾವಿರ ಡಾಲರಿನವು, 2017ರಿಂದ 15 ಸಾವಿರದವು. ಕೇಳಲಿಕ್ಕೆ ದೊಡ್ಡ ಮೊತ್ತ, ಅಲ್ವಾ? ಅದು ಒಬ್ಬರಿಗೆ ಸಿಗುವ ದುಡ್ಡಲ್ಲ, ಇಡೀ ಟೂರ್ನಿಗೆ ಹಂಚುವ ದುಡ್ಡು. 15 ಸಾವಿರದ ಟೂರ್ನಿಯ ಮೇನ್ ಡ್ರಾದ, ಅಂದರೆ ಮುಖ್ಯ ಹಂತದ, ಮೊದಲ ಸುತ್ತಿನಲ್ಲಿ ಸೋತರೆ ಆಗ ನನಗೆ ಸಿಗುತ್ತಿದ್ದದ್ದು 147 ಡಾಲರ್, ಅದರಲ್ಲೂ ತೆರಿಗೆ ಹಿಡಿದು. ಮೇನ್ ಡ್ರಾ ಸೇರಲಿಕ್ಕೆ ಮೊದಲು ಆಡುವ ಕ್ವಾಲಿಫೈಯಿಂಗ್‌ನಲ್ಲೇ ಸೋತರೆ ಸೊನ್ನೆ.

ಹಾಗಾಗಿ ಇದು ಕಪ್ ಗೆದ್ದ ಕಥೆ ಅಲ್ಲ. ಹೇಗೆ ನಡೆಸಿದೆ ಅನ್ನುವ ಕಥೆ.

ನಮ್ಮ ಮನೆ ಶಿರಸಿಯಿಂದ ಹನ್ನೆರಡು ಕಿಲೋಮೀಟರ್, ತೋಟದ ತಲೆಯ ಮೇಲೆ. 2005ರ ಫೆಬ್ರುವರಿಯಲ್ಲಿ ಸಾನಿಯಾ ಮಿರ್ಜಾ ಹೈದರಾಬಾದ್ ಓಪನ್ ಗೆದ್ದಾಗ ನನಗೆ ಎಂಟು ವರ್ಷ. ಟಿವಿಯಲ್ಲಿ ಆ ಫೋರ್‌ಹ್ಯಾಂಡ್ ನೋಡಿ ಹುಚ್ಚು ಹಿಡಿಯಿತು. ಬೆಂಗಳೂರಿನಲ್ಲಿದ್ದ ದೊಡ್ಡಪ್ಪನ ಮಗ ಒಂದು ಹಳೇ ಅಲ್ಯೂಮಿನಿಯಂ ರ‍್ಯಾಕೆಟ್ ತಂದುಕೊಟ್ಟ. ಕೋರ್ಟ್ ಎಲ್ಲಿಂದ ಬರಬೇಕು? ಅಂಗಳವೇ ಕೋರ್ಟ್.

ಅಡಿಕೆ ಮನೆಯ ಅಂಗಳ ಅಂದರೆ ಗೊತ್ತಲ್ಲ. ದೀಪಾವಳಿ ಕಳೆದು ಕೊನೆಕೊಯ್ಲು ಶುರುವಾದರೆ ಇಂಚು ಜಾಗ ಬಿಡದೆ ಅಡಿಕೆ ಹರಡಿರುತ್ತದೆ. ಚೆಂಡು ಅದರ ಮೇಲೆ ಬಿದ್ದರೆ ಅಜ್ಜಿ ಕೋಲು ಹಿಡಿದು ಬರುತ್ತಿದ್ದಳು. ಜೂನ್ ಬಂದರೆ ಮಳೆ, ಪಾಚಿ, ಕಾಲಿಟ್ಟಲ್ಲಿ ಜಾರಿಕೆ. ನನಗೆ ಸಿಗುತ್ತಿದ್ದದ್ದು ಫೆಬ್ರುವರಿ ಕಡೆಯಿಂದ ಮೇ ತನಕ. ಸಗಣಿ ಸಾರಿಸಿದ ನೆಲ, ಚೆಂಡು ಮೊಣಕಾಲಿನ ಮೇಲೆ ಏಳುತ್ತಲೇ ಇರಲಿಲ್ಲ. ಮುಂದೆ ಹುಬ್ಬಳ್ಳಿಯಲ್ಲಿ ಮೊದಲ ಸಲ ಸಿಮೆಂಟ್ ಕೋರ್ಟಿಗೆ ಇಳಿದಾಗ ಚೆಂಡು ಭುಜಕ್ಕೆ ಬಂತು. ನಾನು ಬಗ್ಗಿ ನಿಂತಿದ್ದೆ. ಎಲ್ಲರೂ ನಕ್ಕರು.

ಮಳೆಗಾಲದಲ್ಲಿ ಉಳಿದದ್ದು ಕೊಟ್ಟಿಗೆಯ ಜಗಲಿ. ಅಗಲ ಎಂಟು ಅಡಿ ಇದ್ದೀತು. ಎದುರಿಗೆ ಗಿಲಾವು ಮಾಡದ ಜಂಬಿಟ್ಟಿಗೆ ಗೋಡೆ, ಮೈಯೆಲ್ಲ ತೂತು. ಚೆಂಡು ಗೋಡೆಗೆ ಬಡಿದು ಯಾವ ಕಡೆ ಬರುತ್ತದೆ ಅಂತ ಗೋಡೆಗೂ ಗೊತ್ತಿರಲಿಲ್ಲ. ಕೆಳಗೆ ಬೀಳಿಸುವ ಹಾಗಿಲ್ಲ, ಬಿದ್ದರೆ ಉರುಳಿ ಬಸಿಗಾಲುವೆ ಸೇರಿತು, ಆಮೇಲೆ ಅದು ತೋಟ ದಾಟಿ ಹಳ್ಳಕ್ಕೆ. ಇದ್ದದ್ದು ನಾಲ್ಕೇ ಚೆಂಡು. ಹಾಗಾಗಿ ನಾಲ್ಕು ತಿಂಗಳು ಬರೀ ವಾಲಿ, ಅಂದರೆ ಚೆಂಡು ನೆಲ ಮುಟ್ಟುವ ಮೊದಲೇ ಹೊಡೆಯುವುದು. ಮಣಿಕಟ್ಟು ಗಟ್ಟಿ ಹಿಡಿದು, ರ‍್ಯಾಕೆಟ್ ಹಿಂದಕ್ಕೆ ಎಳೆಯದೆ, ಸುಮ್ನೆ ಮುಖ ಕೊಡುವುದು. ಎಮ್ಮೆಗಳು ನೋಡುತ್ತಿದ್ದವು.

ಆ ಗೋಡೆ ನನಗೆ ಏನು ಕೊಟ್ಟಿತ್ತು ಅಂತ ಗೊತ್ತಾಗಲಿಕ್ಕೆ ಹತ್ತು ವರ್ಷ ಬೇಕಾಯಿತು.

ಮಧ್ಯದ ವರ್ಷಗಳನ್ನು ಓಡಿಸಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಅತ್ತೆ ಮನೆ, ಆಮೇಲೆ ಬೆಂಗಳೂರು, ಪೇಯಿಂಗ್ ಗೆಸ್ಟ್, ಬೆಳಿಗ್ಗೆ ಐದಕ್ಕೆ ಎದ್ದು ಬಸ್ಸು. ಒಬ್ಬರು ಪ್ರಾಯೋಜಕರು ಸಿಕ್ಕರು, ಎರಡು ರ‍್ಯಾಕೆಟ್ ಕೊಟ್ಟರು, ಫೋಟೋ ತೆಗೆಸಿಕೊಂಡರು, ಆಮೇಲೆ ಫೋನ್ ಎತ್ತಲಿಲ್ಲ. ಅಷ್ಟೇ.

2015ರಲ್ಲಿ ಪ್ರೊಫೆಶನಲ್ ಆಡಲಿಕ್ಕೆ ಶುರು ಮಾಡಿದೆ. ಮಹಿಳಾ ಟೆನಿಸ್ ಸಂಘದ, ಅಂದರೆ ಡಬ್ಲ್ಯುಟಿಎಯ, ವಿಶ್ವ ಕ್ರಮಾಂಕದ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಮೂರು ಟೂರ್ನಿಗಳಲ್ಲಿ ಅಂಕ ಬೇಕು, ಇಲ್ಲವೇ ಒಟ್ಟು 10 ಅಂಕ ಆಗಬೇಕು. ನನ್ನ ಮೂರು ಅಂಕಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಸಾವಿರದ ಆಚೆ ಎಲ್ಲೋ ಒಂದು ಸಾಲಿನಲ್ಲಿ ನನ್ನ ಹೆಸರು. ಆಯಿ ಅದರ ಪ್ರಿಂಟ್ ತೆಗೆಸಿ ದೇವರ ಕೋಣೆಯಲ್ಲಿ ಇಟ್ಟಳು.

ಅಪ್ಪಯ್ಯ ಮಾತ್ರ ವಹಿ ತೆಗೆದರು. ಅಡಿಕೆ ಲೆಕ್ಕ ಬರೆಯುವ ಅದೇ ಕೆಂಪು ರಟ್ಟಿನ ವಹಿ. ಎಡಕ್ಕೆ ಜಮಾ, ಬಲಕ್ಕೆ ಖರ್ಚು. 2017ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ಗೆ ಮೂರು ವಾರ ಹೋಗಿ ಬಂದೆ. ಅಲ್ಲಿ, ಟುನೀಸಿಯಾದ ಮೊನಾಸ್ಟಿರ್‌ನಲ್ಲಿ, ಟರ್ಕಿಯ ಅಂತಾಲ್ಯಾದಲ್ಲಿ ವಾರ ಬಿಡದೆ ಸಣ್ಣ ಟೂರ್ನಿ ನಡೆಯುತ್ತವೆ. ಒಂದೇ ಜಾಗ, ಒಂದೇ ರೆಸಾರ್ಟ್, ಒಮ್ಮೆ ವಿಮಾನ ಹತ್ತಿದರೆ ಮೂರು ಸಲ ಆಡಬಹುದು. ಕೆಳಗಿನ ಮೆಟ್ಟಿಲಿನವರು ಅಲ್ಲಿಗೆ ಹೋಗುವುದು ಅದಕ್ಕೇ. ವಿಮಾನ, ವೀಸಾ, ರೂಮು ಸೇರಿ ಖರ್ಚು ಒಂದೂವರೆ ಲಕ್ಷ. ಜಮಾ ನಲವತ್ತೆರಡು ಸಾವಿರ. ಅಪ್ಪಯ್ಯ ಕನ್ನಡಕ ತೆಗೆದಿಟ್ಟು ಅಂದರು, "ಲೆಕ್ಕ ಕೂಡ್ತಿಲ್ಲೆ ಕೂಸೆ." ಆಮೇಲೆ ಅದನ್ನು ಅಡಿಕೆಗೆ ತಿರುಗಿಸಿದರು: ನಾಲ್ಕು ಕ್ವಿಂಟಾಲ್ ರಾಶಿ ಅಡಿಕೆ ಹೋಯಿತು, ಒಂದು ಕ್ವಿಂಟಾಲಿನಷ್ಟು ಬಂತು. ಬೈಯಲಿಲ್ಲ. ಬೈದಿದ್ದರೆ ಸುಲಭ ಇತ್ತು.

ಅವತ್ತು ರಾತ್ರಿ ವಹಿ ಇಟ್ಟುಕೊಂಡು ಕೂತೆ. ನಲವತ್ತೆರಡರಲ್ಲಿ ಅರ್ಧಕ್ಕಿಂತ ಜಾಸ್ತಿ ಬಂದದ್ದು ಡಬಲ್ಸ್‌ನಿಂದ. ಡಬಲ್ಸ್ ನನಗೆ ಅಲ್ಲಿಯ ತನಕ ಸಂಜೆಯ ಕಾಲಕ್ಷೇಪ. ಗೆದ್ದ ಜೋಡಿಗೇ ಸಾವಿರ ಡಾಲರಿನ ಒಳಗೆ ಸಿಗುವುದು, ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಆದರೆ ನಾನು ಸಿಂಗಲ್ಸ್‌ನಲ್ಲಿ ಒಂದು ಪಂದ್ಯ ಗೆಲ್ಲಲಿಕ್ಕೆ ಒದ್ದಾಡುವವಳು ಡಬಲ್ಸ್‌ನಲ್ಲಿ ಸೆಮಿಫೈನಲ್ ಆಡುತ್ತಿದ್ದೆ. ಕಾರಣ ಆ ಜಂಬಿಟ್ಟಿಗೆ ಗೋಡೆ. ನೆಟ್ಟಿನ ಹತ್ತಿರ ನಿಂತರೆ ಚೆಂಡು ಎಲ್ಲಿಂದ ಬಂದರೂ ಕೈ ತಾನೇ ಹೋಗುತ್ತಿತ್ತು. ಈ ಟೂರ್ನಿಗಳ ಡಬಲ್ಸ್‌ನಲ್ಲಿ 40-40 ಆದರೆ ಒಂದೇ ಪಾಯಿಂಟ್, ಅದರಲ್ಲೇ ಗೇಮ್ ಮುಗಿಯಿತು. ಒಂದೊಂದು ಸೆಟ್ ಆದರೆ ಮೂರನೆಯದರ ಬದಲು ಹತ್ತು ಪಾಯಿಂಟಿನ ಟೈಬ್ರೇಕ್. ಅಂಥ ಪಾಯಿಂಟಿನಲ್ಲಿ ನೆಟ್ ಬಳಿ ಅಲ್ಲಾಡದೆ ನಿಲ್ಲುವವರಿಗೆ ಬೆಲೆ ಜಾಸ್ತಿ.

ಸಾನಿಯಾ ಸಿಂಗಲ್ಸ್‌ನಲ್ಲಿ 27ನೇ ರ‍್ಯಾಂಕ್ ಮುಟ್ಟಿದವರು, 2007ರಲ್ಲಿ. ಮಣಿಕಟ್ಟು ಕಾಡಿದ ಮೇಲೆ ಸಿಂಗಲ್ಸ್ ಬಿಟ್ಟರು, 2015ರ ಏಪ್ರಿಲ್‌ನಲ್ಲಿ ಡಬಲ್ಸ್‌ನ ನಂಬರ್ 1 ಆದರು. ನಾನು ಬಿಟ್ಟದ್ದಕ್ಕೆ ಅಂಥ ದೊಡ್ಡ ಕಾರಣ ಏನೂ ಇಲ್ಲ, ವಹಿ ನೋಡಿ ಬಿಟ್ಟೆ. ಅಂದರೆ, ಪೂರ್ತಿ ಬಿಡಲಿಲ್ಲ. ಸಿಂಗಲ್ಸ್ ಆಡುತ್ತಿದ್ದೆ, ಆದರೆ ಯಾವ ವಾರ ಎಲ್ಲಿಗೆ ಅನ್ನುವುದನ್ನು ಡಬಲ್ಸ್ ಜೊತೆಗಾರ್ತಿಯನ್ನು ನೋಡಿ ನಿರ್ಧರಿಸುತ್ತಿದ್ದೆ. ಇಬ್ಬರ ರ‍್ಯಾಂಕ್ ಕೂಡಿಸಿ ಡ್ರಾದಲ್ಲಿ ಜಾಗ ಕೊಡುವುದು. ಹಾಗಾಗಿ ನನಗಿಂತ ಮೇಲಿನವಳು ಬೇಕು, ಆದರೆ ಅವಳಿಗೆ ನೆಟ್ಟಿನಲ್ಲಿ ಭಯ ಇರಬೇಕು. ಆಗ ಅವಳಿಗೂ ನಾನು ಬೇಕು.

ಎರಡನೇ ದಾರಿ ಗಟ್ಟಿಂಗ್, ಅಂದರೆ ರಾಕೆಟ್ಟಿನ ಬಲೆಯ ಎಳೆ (ಗಟ್) ಕಟ್ಟುವ ಕೆಲಸ. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಮೆಷಿನ್ ಕೊಂಡೆ, ತೂಕದ ಕೋಲು ಕೆಳಗಿಳಿದು ಗಟ್ ಎಳೆಯುವ ಹಳೇ ಮಾದರಿ. ಉದ್ದಕ್ಕೆ 16, ಅಡ್ಡಕ್ಕೆ 19 ಎಳೆ. ಅಡ್ಡ ಎಳೆಯನ್ನು ಒಂದರ ಮೇಲೆ, ಒಂದರ ಕೆಳಗೆ ಹಾಯಿಸುವಾಗ ಬೆರಳ ತುದಿ ಸುಲಿಯುತ್ತದೆ. ಮೊದಲ ರ‍್ಯಾಕೆಟ್ಟಿಗೆ ಎರಡೂವರೆ ತಾಸು, ಕೊನೆಗೆ ನಲವತ್ತು ನಿಮಿಷ. ಪಾಲಿಯೆಸ್ಟರ್ ಗಟ್ಟಿನ 200 ಮೀಟರ್ ರೀಲ್ ಒಂದರಲ್ಲಿ ಹದಿನಾರು ರ‍್ಯಾಕೆಟ್ ಆಗುತ್ತದೆ. ನನ್ನ ಖರ್ಚು ಉಳಿಯಿತು. ದೇಶದೊಳಗಿನ ಟೂರ್ನಿಗೆ ರೈಲಿನಲ್ಲಿ ಬರ್ತಿನ ಕೆಳಗೆ ಮೆಷಿನ್ ಇಟ್ಟುಕೊಂಡು ಹೋಗಿ, ರಾತ್ರಿ ರೂಮಿನಲ್ಲಿ ಉಳಿದ ಹುಡುಗಿಯರ ರ‍್ಯಾಕೆಟ್ ಕಟ್ಟಿಕೊಟ್ಟೆ. ಬೆಳಿಗ್ಗೆ ನನ್ನನ್ನು ಸೋಲಿಸಿದವಳ ಗಟ್ಟು ನಾನೇ ಕಟ್ಟಿದ್ದು, ಹೀಗೂ ಆಗಿದೆ. ಅವಳ ದುಡ್ಡು ಬಂದಿತ್ತು, ಬೇಜಾರಿಲ್ಲ.

ಊಟದ ಖರ್ಚಿಗೆ ಅವಲಕ್ಕಿ, ಚಟ್ನಿಪುಡಿ, ಅಪ್ಪೆಮಿಡಿ. ಒಮ್ಮೆ ಮಿಡಿ ಉಪ್ಪಿನಕಾಯಿಯ ಡಬ್ಬಿ ಬ್ಯಾಗಿನಲ್ಲೇ ಬಿಚ್ಚಿಕೊಂಡಿತು. ಎರಡು ರ‍್ಯಾಕೆಟ್ಟಿನ ಗ್ರಿಪ್ ಕೆಂಪಾಗಿ, ಕೈ ಬೆವೆತಾಗಲೆಲ್ಲ ಖಾರ. ಅಪ್ಪಿತಪ್ಪಿ ಕಣ್ಣೊರೆಸಿಕೊಂಡೆ. ಕಣ್ಣೀರು ಸುರಿಸುತ್ತ ಸರ್ವ್ ಮಾಡಿದೆ. ನಾನು ಸೋಲುವ ಬೇಜಾರಿಗೆ ಅಳುತ್ತಿದ್ದೇನೆ ಅಂದುಕೊಂಡು ಎದುರಿನವಳು ಸಮಾಧಾನ ಮಾಡಿದಳು. ಆಗ ನಾನು ಒಂದು ಸೆಟ್ ಮುಂದಿದ್ದೆ!

ಊರಲ್ಲಿದ್ದಾಗಿನ ದೊಡ್ಡ ತಾಪತ್ರಯ ನೆಟ್‌ವರ್ಕ್. ಟೂರ್ನಿಗೆ ಹೆಸರು ಕೊಡುವ ಗಡುವು ಗುರುವಾರ, ನಮ್ಮ ಗಡಿಯಾರದಲ್ಲಿ ಸಂಜೆ ಏಳೂವರೆ. ಹೆಸರು ಹಿಂದೆ ತೆಗೆಯುವ ಗಡುವು ಮುಂದಿನ ಮಂಗಳವಾರ, ಅದೇ ಹೊತ್ತಿಗೆ. ಒಂದು ಆಷಾಢದಲ್ಲಿ ಮೂರು ದಿನ ಕರೆಂಟ್ ಇಲ್ಲ, ಟವರ್ ಸತ್ತಿತ್ತು. ಜ್ವರ ಬಂದು ನಾನು ಟೂರ್ನಿಗೆ ಹೋಗುವ ಹಾಗಿರಲಿಲ್ಲ, ಹೆಸರು ಹಿಂದೆ ತೆಗೆಯಬೇಕಿತ್ತು. ತಮ್ಮನ ಬೈಕಿನ ಹಿಂದೆ ಕಂಬಳಿ ಹೊದ್ದು ಶಿರಸಿಗೆ ಹೋದೆ. ತಲುಪಿದಾಗ ಏಳು ನಲವತ್ತು. ದಂಡ ಬಿತ್ತು. ವಹಿಯಲ್ಲಿ ಅಪ್ಪಯ್ಯ 'ಮಳೆ ಬಾಬ್ತು' ಅಂತ ಬರೆದರು.

2019 ನಮಗೆಲ್ಲ ಕೆಟ್ಟ ವರ್ಷ. ಜನವರಿಯಿಂದ 15 ಸಾವಿರದ ಟೂರ್ನಿಗಳಿಗೆ ಡಬ್ಲ್ಯುಟಿಎ ಅಂಕ ಇಲ್ಲ, ಬೇರೆ ಪಟ್ಟಿ ಅಂದರು. ನನ್ನಂಥ ಎಷ್ಟೋ ಜನರ ಹೆಸರು ಜಾರಿತು. ಆಟಗಾರರು ಗಲಾಟೆ ಮಾಡಿದ ಮೇಲೆ ಆಗಸ್ಟ್‌ನಲ್ಲಿ ಅಂಕ ವಾಪಸ್ ಕೊಟ್ಟರು. ಉಸಿರು ಬಿಡುವಷ್ಟರಲ್ಲಿ 2020ರ ಮಾರ್ಚ್, ಕೊರೊನಾ, ಎಲ್ಲ ಬಂದ್. ಮತ್ತೆ ಅದೇ ಜಗಲಿ, ಅದೇ ಗೋಡೆ. ಎಮ್ಮೆಗಳು ಮಾತ್ರ ಬೇರೆ.

ಆಮೇಲೂ ಎರಡು ವರ್ಷ ಆಡಿದೆ. ಡಬಲ್ಸ್‌ನಲ್ಲಿ ಏಳುನೂರರ ಹತ್ತಿರ ಬಂದದ್ದೇ ನನ್ನ ಶಿಖರ. 2022ರಲ್ಲಿ ಭುಜ ಏಳದೆ ಹೋದಾಗ ಬಿಟ್ಟೆ. ಕೊನೆಯ ವರ್ಷದ ವಹಿಯಲ್ಲಿ ಜಮಾ-ಖರ್ಚಿನ ನಡುವೆ ಇದ್ದ ಅಂತರ ಹನ್ನೊಂದು ಸಾವಿರ. ಅಪ್ಪಯ್ಯನ ಪ್ರಕಾರ ಅದು ಕೊಳೆರೋಗ ಬಂದ ವರ್ಷದ ತೋಟಕ್ಕಿಂತ ವಾಸಿ.

ಮೆಷಿನ್ ಈಗ ನಮ್ಮ ಚಾವಡಿಯಲ್ಲಿದೆ. ಗಟ್ಟಿಂಗ್ ಕೆಲಸ ಬರುತ್ತದೆ, ವಾರಕ್ಕೆ ಹತ್ತು ಹನ್ನೆರಡು. ಟೆನಿಸ್‌ದು ಒಂದೋ ಎರಡೋ. ಉಳಿದದ್ದೆಲ್ಲ ಬ್ಯಾಡ್ಮಿಂಟನ್.