ಕಡಿಮೆ ಓಡಿದ ಕಾರು ಆಯಿಲ್ ಕುಡಿಯುತ್ತಿದ್ದರೆ: ಇಂಜಿನ್ ಬಿಚ್ಚಿಸುವ ಮುನ್ನ

ಮೊದಲು ತುರ್ತಿನ ಮಾತು ಮುಗಿಸಿಬಿಡುತ್ತೇನೆ. ಓಡುತ್ತಿರುವ ಕಾರಿನಲ್ಲಿ ಎಣ್ಣೆಗಿಂಡಿಯ ಚಿತ್ರದ ಕೆಂಪು ದೀಪ ಹೊತ್ತಿಕೊಂಡರೆ ಸುರಕ್ಷಿತ ಜಾಗ ನೋಡಿ ಬದಿಗೆ ನಿಲ್ಲಿಸಿ, ತಕ್ಷಣ ಇಂಜಿನ್ ಆರಿಸಿ. ಆ ದೀಪ ಸೂಚಿಸುವುದು ಆಯಿಲ್‌ನ ಒತ್ತಡ ಕುಸಿದಿರುವುದನ್ನು. ಒತ್ತಡವಿಲ್ಲದೆ ಓಡಿಸಿದರೆ ಬೇರಿಂಗ್‌ಗಳು ಕೆಲವೇ ನಿಮಿಷಗಳಲ್ಲಿ ಹಾಳಾಗಬಹುದು. ಮನೆ ಹತ್ತಿರವೇ ಇದೆಯಲ್ಲ ಎಂದು ಓಡಿಸುವುದು ಬೇಡವೇ ಬೇಡ. ಆಯಿಲ್ ಹಾಕಿ ಮತ್ತೆ ಇಂಜಿನ್ ಚಾಲೂ ಮಾಡಿದಾಗ ದೀಪ ಕೂಡಲೇ ಆರದಿದ್ದರೆ ಕಾರನ್ನು ಎಳೆಸಿಕೊಂಡೇ ಹೋಗಬೇಕು. ಕೆಲವು ಕಾರುಗಳಲ್ಲಿ ಮಟ್ಟ ತಗ್ಗಿದಾಗ ಹಳದಿ ದೀಪ ಬರುತ್ತದೆ. ಅನೇಕ ಕಾರುಗಳಲ್ಲಿ ಅದೂ ಇಲ್ಲ. ಅಂಥವುಗಳಲ್ಲಿ ಕೆಂಪು ದೀಪ ಬರುವ ಹೊತ್ತಿಗೆ ಆಯಿಲ್ ಡಿಪ್‌ಸ್ಟಿಕ್ಕಿನ (ಆಯಿಲ್ ಮಟ್ಟ ಅಳೆಯುವ ಕಡ್ಡಿಯ) ಕೆಳಗಿನ ಗುರುತನ್ನು ಎಂದೋ ದಾಟಿರುತ್ತದೆ. ಆದ್ದರಿಂದ ದೀಪವನ್ನು ನಂಬಿ ಕೂರಬೇಡಿ, ಬಾನೆಟ್ ಎತ್ತಿ ನೋಡಿ.

ನಾನು ವೃತ್ತಿಯಿಂದ ಮೆಕ್ಯಾನಿಕ್ ಅಲ್ಲ. ಆದರೆ ಮನೆಯ ಮತ್ತು ನೆಂಟರಿಷ್ಟರ ಕಾರುಗಳ ಆಯಿಲ್ ನೋಡಿ, ಪ್ರತಿಯೊಂದಕ್ಕೂ ಒಂದು ಪುಟ ತೆರೆದು ಬರೆದಿಡುವುದು ನನ್ನ ಬಹುಕಾಲದ ಅಭ್ಯಾಸ. ಹೊಸತರಂತಿರುವ ಕಾರಿನಲ್ಲಿ ಆಯಿಲ್ ಇಳಿಯಿತೆಂದರೆ ಜನ ಕಂಗಾಲಾಗುತ್ತಾರೆ. ಆ ಗಾಬರಿಯಲ್ಲೇ ‘ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು’ ಎಂಬ ಮಾತಿಗೆ ತಲೆಯಾಡಿಸಿ ಬರುತ್ತಾರೆ. ರಿಂಗ್ ಎಂದರೆ ಸಿಲಿಂಡರಿನೊಳಗೆ ಓಡಾಡುವ ಪಿಸ್ಟನ್ನಿನ ಸುತ್ತ ಕೂರುವ ಲೋಹದ ಬಳೆ. ಆಯಿಲ್ ಹೋಗುವುದಕ್ಕೆ ದಾರಿಗಳು ಕೆಲವೇ: ಹೊರಗೆ ಸೋರಬೇಕು, ಒಳಗೆ ಉರಿಯಬೇಕು, ಇಲ್ಲವೇ ಅಪರೂಪಕ್ಕೆ ಇಂಜಿನ್ ತಣಿಸುವ ದ್ರವವಾದ ಕೂಲೆಂಟ್‌ಗೆ ಸೇರಬೇಕು. ಯಾವ ದಾರಿ ಎಂದು ತಿಳಿಯದೆ ಯಾರಿಗೂ ಇಂಜಿನ್ ಮುಟ್ಟಲು ಬಿಡಬೇಡಿ. ಅದನ್ನು ತಿಳಿಯುವ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಕಾರಿನ ಒಡೆಯರಿಂದಲೇ ಸಾಧ್ಯ.

ಇಳಿದದ್ದು ನಿಜವೇ?

ಕಾರನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ. ಇಂಜಿನ್ ಬಿಸಿಯಾಗಿದ್ದರೆ ಆರಿಸಿ ಐದರಿಂದ ಹತ್ತು ನಿಮಿಷ ಬಿಡಿ. ಮೇಲೆ ಹೋಗಿರುವ ಆಯಿಲ್ ಕೆಳಗಿನ ತೊಟ್ಟಿಗೆ ಇಳಿಯಲು ಅಷ್ಟು ಹೊತ್ತು ಬೇಕು. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಪಾಲಿಸಿ. ಡಿಪ್‌ಸ್ಟಿಕ್ ಎಳೆದು ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತಳ್ಳಿ, ಮತ್ತೆ ಎಳೆಯಿರಿ. ಎರಡೂ ಮಗ್ಗುಲು ನೋಡಿ. ಒಂದು ಮಗ್ಗುಲಲ್ಲಿ ಕೊಳವೆಯ ಗೋಡೆಗೆ ತಾಗಿದ ಆಯಿಲ್ ಮೇಲಿನವರೆಗೆ ಬಳಿದುಕೊಂಡಿರುತ್ತದೆ, ಕಡಿಮೆ ತೋರಿಸುವ ಮಗ್ಗುಲೇ ನಿಜದ್ದು. ಬಹಳಷ್ಟು ಕಾರುಗಳಲ್ಲಿ ಎರಡು ಗುರುತುಗಳ ನಡುವಿನ ಅಂತರ ಸುಮಾರು 1 ಲೀಟರ್. ಮುಂದಿನ ಸಲವೂ ಅದೇ ಜಾಗ, ಅದೇ ಸ್ಥಿತಿಯಲ್ಲಿ ಅಳೆಯಿರಿ. ಬೆಳಿಗ್ಗೆ ತಣ್ಣಗಿದ್ದಾಗಿನ ಅಳತೆಯನ್ನು ಸಂಜೆ ಬಿಸಿಯಾಗಿದ್ದಾಗಿನದಕ್ಕೆ ಹೋಲಿಸಿದರೆ ಲೆಕ್ಕ ಕೆಡುತ್ತದೆ.

ಸರ್ವಿಸ್ ಆದ ಮರುದಿನವೇ ಒಮ್ಮೆ ನೋಡಿಟ್ಟುಕೊಳ್ಳಿ. ಹೊಸ ಫಿಲ್ಟರ್ ತನ್ನ ಪಾಲಿನ ಆಯಿಲ್ ಹೀರಿಕೊಂಡ ಮೇಲೆ ಮಟ್ಟ ತುಸು ಇಳಿಯುತ್ತದೆ. ಅಳತೆ ನೋಡದೆ ಸುರಿದ ಸರ್ವಿಸ್‌ಗಳಲ್ಲಿ ಮೊದಲ ದಿನದಿಂದಲೇ ಆಯಿಲ್ ಕಡಿಮೆ ಇರುತ್ತದೆ, ಆರು ತಿಂಗಳ ನಂತರ ಅದೇ ‘ನಷ್ಟ’ವಾಗಿ ಕಾಣುತ್ತದೆ.

ಕಡಿಮೆ ಓಡುವ ಕಾರುಗಳಿಗೆ ಇನ್ನೊಂದು ವಿಶೇಷ ತೊಂದರೆ ಇದೆ. ಇದನ್ನು ವಿವರಿಸುವವರು ಕಡಿಮೆ. ದಿನವೂ ಎರಡು ಮೂರು ಕಿ.ಮೀ. ಹೋಗಿ ನಿಲ್ಲುವ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದೇ ಇಲ್ಲ. ತಣ್ಣಗಿರುವ ಇಂಜಿನ್‌ಗೆ ಹೆಚ್ಚು ಪೆಟ್ರೋಲ್ ಬೇಕಾಗುತ್ತದೆ. ಉರಿಯದೆ ಉಳಿದ ಪೆಟ್ರೋಲ್‌ನ ಒಂದಂಶ ಸಿಲಿಂಡರ್ ಗೋಡೆಗುಂಟ ರಿಂಗ್‌ಗಳನ್ನು ದಾಟಿ ಆಯಿಲ್‌ಗೆ ಇಳಿಯುತ್ತದೆ. ಉರಿದ ಅನಿಲದಲ್ಲಿರುವ ನೀರಾವಿಯೂ ಒಳಗೇ ತಣಿದು ಸೇರಿಕೊಳ್ಳುತ್ತದೆ. ಹೀಗಾಗಿ ಒಂದಿಷ್ಟು ಆಯಿಲ್ ಖರ್ಚಾಗುತ್ತಿದ್ದರೂ ಡಿಪ್‌ಸ್ಟಿಕ್ ಮೇಲಿನ ಗುರುತನ್ನೇ ತೋರಿಸುತ್ತಿರುತ್ತದೆ. ಒಂದು ದಿನ ಮನೆಮಂದಿಯೆಲ್ಲ ಹತ್ತಿ ಹೆದ್ದಾರಿಯಲ್ಲಿ ಐದಾರು ಗಂಟೆ ಹೋಗುತ್ತೀರಿ. ಆಯಿಲ್ ಚೆನ್ನಾಗಿ ಕಾಯುತ್ತದೆ, ಸೇರಿಕೊಂಡ ನೀರೂ ಪೆಟ್ರೋಲ್‌ನ ಬಹುಪಾಲೂ ಆವಿಯಾಗುತ್ತವೆ. ಮರುದಿನ ನೋಡಿದರೆ ಮಟ್ಟ ದಿಢೀರನೆ ಕುಸಿದಿರುತ್ತದೆ! ಒಂದೇ ಪ್ರಯಾಣದಲ್ಲಿ ಇಂಜಿನ್ ಆಯಿಲ್ ನುಂಗಿತೆಂದು ಜನ ಹೌಹಾರುತ್ತಾರೆ. ನಿಜವಾಗಿ ತಿಂಗಳುಗಟ್ಟಲೆ ಮುಚ್ಚಿಹೋಗಿದ್ದ ಲೆಕ್ಕ ಒಂದೇ ದಿನದಲ್ಲಿ ಹೊರಬಂದಿದೆ, ಅಷ್ಟೇ. ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಘಾಟಾಗಿದ್ದರೆ, ಅಥವಾ ಮಟ್ಟ ಮೇಲಿನ ಗುರುತನ್ನೂ ಮೀರಿ ಏರಿದ್ದರೆ, ಆ ಆಯಿಲ್ ಬದಲಿಸಿ ಅಲ್ಲಿಂದ ಹೊಸದಾಗಿ ಲೆಕ್ಕ ಆರಂಭಿಸಿ. ಡೀಸೆಲ್ ಕಾರಿನಲ್ಲಿ ಹೊಗೆ ಸೋಸುವ ಫಿಲ್ಟರ್ ತನ್ನನ್ನು ತಾನು ಸುಟ್ಟು ಶುಚಿಗೊಳಿಸುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೂ ಆಯಿಲ್‌ಗೆ ಡೀಸೆಲ್ ಸೇರುತ್ತದೆ.

ಆಯಿಲ್ ತುಂಬುವ ಮುಚ್ಚಳದ ಒಳಗೆ ಬೆಣ್ಣೆಯಂಥ ಕೆನೆ ಕಂಡರೆ ‘ಹೆಡ್ ಗ್ಯಾಸ್ಕೆಟ್ ಹೋಯಿತು’, ಅಂದರೆ ಆಯಿಲ್ ಮತ್ತು ಕೂಲೆಂಟ್ ಬೆರೆಯದಂತೆ ತಡೆಯುವ ಪದರ ಒಡೆಯಿತು, ಎನ್ನುವವರಿದ್ದಾರೆ. ಗಿಡ್ಡ ಓಡಾಟದ ಕಾರಿನಲ್ಲಿ ಅದು ಹೆಚ್ಚಾಗಿ ತಣಿದ ನೀರಾವಿಯ ಫಲ. ಕೂಲೆಂಟ್ ಮಟ್ಟ ಇಳಿಯುತ್ತಿದ್ದರೆ, ಅದರ ಮೇಲೆ ಜಿಡ್ಡು ತೇಲುತ್ತಿದ್ದರೆ, ಡಿಪ್‌ಸ್ಟಿಕ್ಕಿನ ಆಯಿಲೇ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ, ಆಗ ಕಾರು ಓಡಿಸಬೇಡಿ.

ಲೆಕ್ಕ ಬರೆದಿಡುವುದು

ಆಯಿಲ್ ಮೇಲಿನ ಗುರುತಿಗೆ ತಂದು ಮೀಟರ್ ಓದಿ ಬರೆದುಕೊಳ್ಳಿ. ಆಮೇಲೆ ಪ್ರತಿ 500 ಕಿ.ಮೀ.ಗೆ ಒಮ್ಮೆ ನೋಡಿ, ಸೇರಿಸಿದ್ದನ್ನು ಮಿಲಿಲೀಟರ್‌ನಲ್ಲಿ ಬರೆಯಿರಿ. 1,200 ಕಿ.ಮೀ.ಗೆ 300 ಮಿ.ಲೀ. ಹಿಡಿಸಿದರೆ 1,000 ಕಿ.ಮೀ.ಗೆ 250 ಮಿ.ಲೀ. ಎಂದಾಯಿತು. ಕೆಲವು ತಯಾರಕರು 1,000 ಕಿ.ಮೀ.ಗೆ ಅರ್ಧ ಲೀಟರ್‌ವರೆಗಿನ ಬಳಕೆಯನ್ನು ಸಹಜವೆಂದೇ ಕೈಪಿಡಿಯಲ್ಲಿ ಬರೆಯುತ್ತಾರೆ. ಈ ಮಿತಿ ನನಗೆ ಒಪ್ಪಿಗೆಯಿಲ್ಲ. ಹೊಸ ಇಂಜಿನ್ನಿನ ಮೊದಲ ಕೆಲವು ಸಾವಿರ ಕಿ.ಮೀ.ಗಳಲ್ಲಿ ರಿಂಗ್‌ಗಳು ಇನ್ನೂ ಕೂಡಿಕೊಳ್ಳುತ್ತಿರುತ್ತವೆ, ಆಗ ಸ್ವಲ್ಪ ಇಳಿದರೆ ಸರಿ. ಅದು ಮುಗಿದ ಮೇಲೂ ಅರ್ಧ ಲೀಟರ್ ಹೋಗುತ್ತಿದ್ದರೆ, ಕೈಪಿಡಿ ಏನೇ ಹೇಳಲಿ, ಕಾರಣ ಹುಡುಕಲೇಬೇಕು. ಅಂಕಿಗಿಂತ ಅದು ಸಾಗುತ್ತಿರುವ ದಿಕ್ಕು ಮುಖ್ಯ: ನೂರು ಮಿ.ಲೀ. ಇದ್ದದ್ದು ಇನ್ನೂರಾಗಿ, ಮುನ್ನೂರಾದರೆ ತಡಮಾಡಬೇಡಿ.

ನೆಲ ಒಣಗಿದ್ದರೆ ಸೋರಿಕೆ ಇಲ್ಲವೆಂದಲ್ಲ

ರಾತ್ರಿ ಕಾರಿನ ಕೆಳಗೆ ಅಗಲವಾದ ರಟ್ಟು ಹಾಸಿ ಬೆಳಿಗ್ಗೆ ನೋಡಿ. ಕಂದು ಅಥವಾ ಕಪ್ಪು ಹನಿ ಇಂಜಿನ್ ಆಯಿಲ್. ಕೆಂಪಗಿದ್ದರೆ ಗೇರ್ ಬಾಕ್ಸ್ ಅಥವಾ ಪವರ್ ಸ್ಟೀರಿಂಗ್‌ನದ್ದಿರಬಹುದು. ಸಿಹಿ ವಾಸನೆಯ ಹಸಿರು ಅಥವಾ ಗುಲಾಬಿ ದ್ರವ ಕೂಲೆಂಟ್. ಬಣ್ಣವಿಲ್ಲದ ನೀರು ಎ.ಸಿ.ಯದ್ದು, ಅದರ ಚಿಂತೆ ಬೇಡ.

ರಟ್ಟಿನ ಮೇಲೆ ಏನೂ ಬೀಳದಿದ್ದರೆ? ನನ್ನ ಅಕ್ಕನ ಕಾರಿನಲ್ಲಿ ಹಾಗೇ ಆಗಿತ್ತು. ಐದು ವರ್ಷ ಹಳೆಯ ಪೆಟ್ರೋಲ್ ಕಾರು, ಓಡಿದ್ದು 19,000 ಕಿ.ಮೀ. ಮಾತ್ರ. ಅರ್ಧ ಲೀಟರಿಗೂ ಹೆಚ್ಚು ಆಯಿಲ್ ಮಾಯವಾಗಿತ್ತು, ನೆಲದ ಮೇಲೆ ಒಂದು ಹನಿಯೂ ಇರಲಿಲ್ಲ. ಅದನ್ನೇ ಹಿಡಿದುಕೊಂಡು ವರ್ಕ್‌ಶಾಪಿನವರು ‘ಸೋರಿಕೆ ಇಲ್ಲ, ರಿಂಗ್ ಬದಲಿಸಬೇಕು’ ಎಂದು ಷರಾ ಬರೆದುಕೊಟ್ಟರು. ಅಕ್ಕ ಅಳುವುದೊಂದು ಬಾಕಿ. ಈಗಿನ ಬಹುತೇಕ ಕಾರುಗಳ ಇಂಜಿನ್ ಕೆಳಗೆ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಕೆಲವದರ ಮೇಲೆ ಸದ್ದು ಹೀರುವ ಉಣ್ಣೆಯಂಥ ಹಾಸೂ ಇರುತ್ತದೆ. ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ಆ ಹೊದಿಕೆಯ ಸ್ಕ್ರೂ ಬಿಚ್ಚಿ ಇಳಿಸಿದೆವು. ಹಾಸಿನ ಅರ್ಧಭಾಗ ಕಪ್ಪಗೆ ತೊಯ್ದಿತ್ತು, ಹಿಂಡಿದರೆ ಬೆರಳ ಸಂದಿಯಿಂದ ಆಯಿಲ್ ಇಳಿಯಿತು. ಜಿಡ್ಡು ತೆಗೆಯುವ ದ್ರಾವಣ ಹಾಕಿ ಇಂಜಿನ್‌ನ ಆ ಮಗ್ಗುಲನ್ನು ಒರೆಸಿ ಒಣಗಿಸಿ, ಮೇಲೆ ಪೌಡರ್ ಉದುರಿಸಿ, ಇಂಜಿನ್ ಚಾಲೂ ಮಾಡಿ ಟಾರ್ಚ್ ಹಿಡಿದು ಕಾದೆವು. ಬಿಳಿಯ ಪೌಡರಿನ ಮೇಲೆ ಮೊದಲು ಒಂದು ಕಂದು ಚುಕ್ಕೆ, ಆಮೇಲೆ ತೆಳ್ಳಗಿನ ಗೆರೆ ಮೂಡಿತು. ಗೆರೆಯ ತುದಿ ಹಿಡಿದು ಮೇಲೆ ಹೋದರೆ ಫಿಲ್ಟರಿನ ಪಕ್ಕದ ಆಯಿಲ್ ಪ್ರೆಶರ್ ಸ್ವಿಚ್, ಒತ್ತಡ ಕುಸಿದರೆ ಆ ಕೆಂಪು ದೀಪ ಹೊತ್ತಿಸುವ ಭಾಗ. ಇಂಜಿನ್ ಆರಿಸಿ ಅದರ ಕನೆಕ್ಟರ್ ಕಳಚಿದಾಗ ಒಳಗಿನ ಪಿನ್ನಿನ ಸುತ್ತ ಆಯಿಲ್ ತುಂಬಿ ನಿಂತಿತ್ತು. ಸ್ವಿಚ್ಚಿನ ಒಳಗಿನ ಸೀಲ್ ಒಡೆದು ಆಯಿಲ್ ಅದರ ಮೈಯೊಳಗಿಂದಲೇ ಹೊರಬರುತ್ತಿತ್ತು. ಒತ್ತಡ ಇರುವುದು ಇಂಜಿನ್ ಓಡುವಾಗ ಮಾತ್ರ, ಆದ್ದರಿಂದ ನಿಂತ ಕಾರಿನಿಂದ ಹನಿ ಬೀಳುತ್ತಿರಲಿಲ್ಲ. ಹೆಬ್ಬೆರಳಿನಷ್ಟು ದೊಡ್ಡ ಭಾಗವೊಂದನ್ನು ಬದಲಿಸಿದ್ದಕ್ಕೆ ಆಯಿಲ್ ಇಳಿಯುವುದು ನಿಂತಿತು. ಇದಕ್ಕಾಗಿ ಇಡೀ ಇಂಜಿನ್ ಬಿಚ್ಚಲು ಹೊರಟಿದ್ದರಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಆರಿಲ್ಲ.

ನೀವೂ ಹೀಗೆ ಹುಡುಕುವುದಾದರೆ ಎರಡು ಮಾತು. ಜ್ಯಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ. ಮತ್ತೆ, ಆಯಿಲ್ ಕೆಳಕ್ಕೆ ಹರಿಯುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡುತ್ತದೆ. ಆದ್ದರಿಂದ ಒದ್ದೆಯಾದ ಅತಿ ಎತ್ತರದ, ಅತಿ ಮುಂದಿನ ಜಾಗವನ್ನೇ ಹುಡುಕಿ. ವಾಲ್ವ್ ಕವರ್‌ನ ಗ್ಯಾಸ್ಕೆಟ್, ಡ್ರೈನ್ ಬೋಲ್ಟ್‌ನ ವಾಷರ್, ಫಿಲ್ಟರ್ ಕೂರುವ ಜಾಗ ಇವನ್ನು ಮೊದಲು ನೋಡಿ. ಹಳೆಯ ಫಿಲ್ಟರಿನ ರಬ್ಬರ್ ಉಂಗುರ ಇಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆಯೇ ಹೊಸದನ್ನು ತಿರುಗಿಸಿದ್ದರೆ ಎರಡು ಉಂಗುರಗಳ ನಡುವಿನಿಂದ ಆಯಿಲ್ ಧಾರೆಯಾಗಿ ಹೋಗಬಹುದು. ಇಂಜಿನ್ ಮತ್ತು ಗೇರ್ ಬಾಕ್ಸ್ ಸೇರುವ ಜಾಗದಲ್ಲಿ ಒದ್ದೆಯಿದ್ದರೆ ಕ್ರ್ಯಾಂಕ್‌ನ (ಇಂಜಿನ್‌ನೊಳಗೆ ತಿರುಗುವ ಮುಖ್ಯ ದಂಡದ) ಹಿಂಬದಿಯ ಸೀಲ್ ಮೇಲೆ ಅನುಮಾನ ಪಡಬೇಕು, ಅದು ದೊಡ್ಡ ಕೆಲಸ. ಕಡಿಮೆ ಓಡಿದ ಮಾತ್ರಕ್ಕೆ ರಬ್ಬರಿಗೆ ವಯಸ್ಸಾಗುವುದು ತಪ್ಪುವುದಿಲ್ಲ. ಕಣ್ಣಿಗೆ ಕಾಣದ ಸೋರಿಕೆಗೆ ಆಯಿಲ್‌ಗೆ ಹೊಳೆಯುವ ಬಣ್ಣ ಬೆರೆಸಿ ನೇರಳಾತೀತ ಟಾರ್ಚಿನಿಂದ ಹುಡುಕುವ ವಿಧಾನವಿದೆ, ಮೆಕ್ಯಾನಿಕ್‌ಗೆ ಕೇಳಿ ಮಾಡಿಸಬಹುದು.

ಹೊರಗೆ ಒಣಗಿದ್ದರೆ, ಒಳಗೆ ಉರಿಯುತ್ತಿರಬಹುದು

ಹಿಂದಿನಿಂದ ಬರುವವರಿಗೆ ಹೊಗೆ ಗಮನಿಸಲು ಹೇಳಿ. ನೀಲಿ ಛಾಯೆಯ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಚಾಲೂ ಆದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತರೆ ಮೇಲಿನಿಂದ ಸಿಲಿಂಡರಿಗೆ ಆಯಿಲ್ ಇಳಿಯದಂತೆ ತಡೆಯುವ ವಾಲ್ವ್ ಸೀಲ್‌ಗಳು ಗಟ್ಟಿಯಾಗಿರಬಹುದು. ವೇಗ ಹೆಚ್ಚಿಸುವಾಗಲೆಲ್ಲ ಬಂದರೆ ರಿಂಗ್‌ಗಳ ಕಡೆ ನೋಡಬೇಕು. ಆದರೆ ಹೊಗೆ ಕಾಣದಿದ್ದರೂ ಆಯಿಲ್ ಉರಿಯುತ್ತಿರಬಹುದು, ಹೊಗೆಯ ದಾರಿಯಲ್ಲಿ ಅದನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಮರೆಮಾಚಬಲ್ಲದು. ಹಾಗೆ ಮರೆಮಾಚುತ್ತಲೇ ಅದೂ ಹಾಳಾಗುತ್ತದೆ, ಆಯಿಲ್‌ನಲ್ಲಿರುವ ರಂಜಕ ಅದಕ್ಕೆ ವಿಷ.

ರಿಂಗ್‌ಗೂ ಮೊದಲು ಪರೀಕ್ಷಿಸಲೇಬೇಕಾದದ್ದು ಪಿಸಿವಿ ವಾಲ್ವ್. ಕ್ರ್ಯಾಂಕ್‌ಕೇಸಿನೊಳಗೆ, ಅಂದರೆ ಇಂಜಿನ್‌ನ ಕೆಳಭಾಗದಲ್ಲಿ, ಸೇರುವ ಅನಿಲವನ್ನು ಮತ್ತೆ ಉರಿಯಲು ಕಳಿಸುವ ಈ ಚಿಕ್ಕ ವಾಲ್ವ್ ತೆರೆದೇ ಉಳಿದರೆ ಆಯಿಲ್‌ನ ಮಂಜೂ ಅನಿಲದೊಂದಿಗೆ ಎಳೆದುಕೊಂಡು ಹೋಗುತ್ತದೆ. ಗಾಳಿ ಒಳಬರುವ ಕೊಳವೆ ಕಳಚಿ ನೋಡಿ. ತೆಳು ಜಿಡ್ಡು ಸಹಜ, ಆಯಿಲ್ ಮಡುಗಟ್ಟಿದ್ದರೆ ಅಲ್ಲ. ಟರ್ಬೊ ಕಾರಾದರೆ ಟರ್ಬೊದ ಸೀಲ್‌ಗಳನ್ನೂ ನೋಡಿಸಬೇಕು.

ರಿಂಗ್‌ನದ್ದೇ ದೋಷ ಇರುವುದೂ ಉಂಟು. ಘರ್ಷಣೆ ತಗ್ಗಿಸಲೆಂದು ಈಗಿನ ರಿಂಗ್‌ಗಳ ಬಿಗಿತ ಕಡಿಮೆ. ಆಯಿಲ್ ಕೆರೆದು ಇಳಿಸುವ ರಿಂಗ್‌ಗೆ ಕರಿ ಕಟ್ಟಿಕೊಂಡರೆ ಅದು ಅಂಟಿ ನಿಂತುಬಿಡುತ್ತದೆ. ಟೊಯೊಟಾದ 2.4 ಲೀಟರಿನ 2ಎಝಡ್-ಎಫ್‌ಇ ಇಂಜಿನ್‌ನ ಕೆಲವು ವರ್ಷಗಳ ಮಾದರಿಗಳಲ್ಲಿ ಆಯಿಲ್ ಬಳಕೆ ಎಷ್ಟು ಹೆಚ್ಚಾಯಿತೆಂದರೆ, ಅಮೆರಿಕದಲ್ಲಿ ಕಂಪನಿಯೇ ವಾರಂಟಿ ವಿಸ್ತರಿಸಿ ಪಿಸ್ಟನ್ ಮತ್ತು ರಿಂಗ್ ಬದಲಿಸಿಕೊಟ್ಟಿತು. ಆದ್ದರಿಂದ ನಿಮ್ಮ ಇಂಜಿನ್ ಮಾದರಿಗೆ ತಯಾರಕರ ಸೇವಾ ಸೂಚನೆ ಏನಾದರೂ ಇದೆಯೇ ಎಂದು ಬರವಣಿಗೆಯಲ್ಲಿ ಕೇಳಿ.

ವರ್ಕ್‌ಶಾಪಿಗೆ ಹೋಗುವಾಗ ನಿಮ್ಮ ಲೆಕ್ಕದ ಪುಸ್ತಕ, ಡಿಪ್‌ಸ್ಟಿಕ್ಕಿನ ಫೋಟೊಗಳು ಜೊತೆಗಿರಲಿ. ವಾರಂಟಿ ಇದ್ದರೆ ಅಧಿಕೃತ ಆಯಿಲ್ ಬಳಕೆ ಪರೀಕ್ಷೆ ಕೇಳಿ. ಅವರೇ ಆಯಿಲ್ ತುಂಬಿ, ಬೋಲ್ಟ್ ಮತ್ತು ಮುಚ್ಚಳಕ್ಕೆ ಗುರುತು ಹಾಕಿ, ನಿಗದಿತ ದೂರ ಓಡಿಸಿದ ಮೇಲೆ ಅಳೆಯುತ್ತಾರೆ. ಇಂಜಿನ್ ಬಿಚ್ಚುವ ಮಾತು ಬಂದರೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆಯ ಅಂಕಿಗಳನ್ನು ಕೇಳಿ. ಸಿಲಿಂಡರಿಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಗಮನಾರ್ಹವಾಗಿ ಏರಿದರೆ ಈ ಒತ್ತಡ ಹಿಡಿದಿಡುವ ರಿಂಗ್‌ಗಳು ದುರ್ಬಲವಾಗಿವೆ. ಆಯಿಲ್ ಕೆರೆಯುವ ರಿಂಗ್ ಮಾತ್ರ ಅಂಟಿದ್ದರೆ ಈ ಅಂಕಿಗಳು ಚೆನ್ನಾಗಿಯೇ ಬರಬಹುದು. ಆಗ ಸ್ಪಾರ್ಕ್ ಪ್ಲಗ್ ರಂಧ್ರದಿಂದ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ತೋರಿಸಲು ಹೇಳಿ. ಅಂಚಿನಲ್ಲಿ ಆಯಿಲ್ ತೊಳೆದ ಗುರುತಿದ್ದರೆ ಕಾಣುತ್ತದೆ.

ಕಾರಣ ಸಿಗುವವರೆಗೆ ಓಡಿಸುವುದು

ಕೈಪಿಡಿ ಹೇಳಿದ ದರ್ಜೆಯ ಆಯಿಲನ್ನೇ ಹಾಕಿ. ತೆಳುವಾದ 0ಡಬ್ಲ್ಯೂ-20 ದರ್ಜೆ ಇರುವಲ್ಲಿ ‘ದಪ್ಪ ಹಾಕಿದರೆ ನಿಲ್ಲುತ್ತದೆ’ ಎಂದು 20ಡಬ್ಲ್ಯೂ-50 ಸುರಿಯುವುದು ಅಪಾಯ. ವಾಲ್ವ್‌ಗಳ ಸಮಯ ಬದಲಿಸುವ ವ್ಯವಸ್ಥೆ ಆಯಿಲ್‌ನ ಹರಿವನ್ನೇ ನೆಚ್ಚಿಕೊಂಡಿದೆ. ಒಂದೇ ದರ್ಜೆಯ, ಒಂದೇ ಮಾನದಂಡದ ಬೇರೆ ಬ್ರಾಂಡ್ ಆದರೆ ತುರ್ತಿಗೆ ಬೆರೆಸಬಹುದು. ಒಮ್ಮೆಗೆ 200 ಮಿ.ಲೀ.ಗಿಂತ ಹೆಚ್ಚು ಹಾಕದೆ, ಇಳಿಯಲು ಬಿಟ್ಟು, ಮತ್ತೆ ಅಳೆಯಿರಿ. ಮೇಲಿನ ಗುರುತು ಮೀರಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಹೆಚ್ಚಿನದು ಮತ್ತೆ ಗಾಳಿಯ ದಾರಿಗೇ ಹೋಗುತ್ತದೆ. ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳನ್ನು ನಾನು ಹಾಕುವುದಿಲ್ಲ. ಅವು ಒಮ್ಮೆ ಒಳಗೆ ಹೋದ ಮೇಲೆ ಪರೀಕ್ಷೆಯ ಫಲಿತಾಂಶವನ್ನು ನಂಬುವಂತಿಲ್ಲ.

ಕಿ.ಮೀ. ತುಂಬದಿದ್ದರೂ ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ವಾರಕ್ಕೊಮ್ಮೆಯಾದರೂ ಇಂಜಿನ್ ಚೆನ್ನಾಗಿ ಕಾಯುವಷ್ಟು, ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ, ಓಡಿಸಿ. ಡಿಕ್ಕಿಯಲ್ಲಿ ಅದೇ ದರ್ಜೆಯ 1 ಲೀಟರ್ ಡಬ್ಬಿ, ಒಂದು ಆಲಿಕೆ, ಒರೆಸುವ ಬಟ್ಟೆ ಇಟ್ಟುಕೊಳ್ಳಿ. ರಿಪೇರಿ ಆದ ಮೇಲೂ ಮೊದಲ 2,000 ಕಿ.ಮೀ. ಅದೇ ಪುಟದಲ್ಲಿ ಅಳತೆ ಬರೆಯುತ್ತಾ ಹೋಗಿ.